ತಲೆ ಲೆಕ್ಕವೋ ಮಷೀನ್ ಲೆಕ್ಕವೋ: ಎರಡು ಜಾಗಕ್ಕೆ ಎಂಡ್‌ಪಾಯಿಂಟ್ ಸೆಕ್ಯೂರಿಟಿ ತಗೊಂಡಾಗ ಗೊತ್ತಾಗಿದ್ದು

ಶಿವಮೊಗ್ಗದ ದುರ್ಗಿಗುಡೀಲಿ ನಮ್ಮ ಭಾವನದ್ದೊಂದು ಆಡಿಟ್ ಆಫೀಸಿದೆ, ಅಲ್ಲಿ ಆಗ 12 ಲೈಸೆನ್ಸಿನ ಆಂಟಿವೈರಸ್ ಪ್ಯಾಕ್ ಇತ್ತು, ಕಂಪ್ಯೂಟರ್ ಮಾತ್ರ 13 ಇದ್ವು. ಆ ಹದಿಮೂರನೇದು ಒಳಗಿನ ರೂಮಲ್ಲಿ ಹಳೇ ಫೈಲುಗಳ ಪಕ್ಕ ಕೂತಿದ್ದ ಪಿಸಿ, ಅದ್ರಲ್ಲಿ ಯಾವಾಗ್ಲೋ ಹಾಕಿದ್ದ ಟ್ರಯಲ್ ಮುಗಿದು ಹಂಗೇ ಉಳಿದಿತ್ತು, ವಿಂಡೋಸ್‌ನ ಸ್ವಂತ ಆಂಟಿವೈರಸ್ ಡಿಫೆಂಡರ್ರೂ ಆಫ್ ಆಗಿತ್ತು, ಮೇಲಿಂದ ಮನೆಯಿಂದ ಕೆಲ್ಸ ಮಾಡೋಕೆ ಅಂತ ರಿಮೋಟ್ ಡೆಸ್ಕ್‌ಟಾಪ್ ಓಪನ್ ಇಟ್ಟಿದ್ರು. ಒಂದು ಸೋಮವಾರ ಬೆಳಿಗ್ಗೆ ಹುಡುಗಿಯೊಬ್ಳು ಟ್ಯಾಲಿ ಓಪನ್ ಮಾಡಿದ್ರೆ ಕಂಪನಿ ಲಿಸ್ಟೇ ಖಾಲಿ. ಫೋಲ್ಡರ್ ತೆಗೆದು ನೋಡಿದ್ರೆ ಪ್ರತಿಯೊಂದು ಫೈಲಿನ ಹೆಸರಿನ ಬಾಲಕ್ಕೂ ಒಂದೇ ಥರದ ಅರ್ಥವಿಲ್ಲದ ಅಕ್ಷರಗಳು, ಜೊತೆಗೆ ದುಡ್ಡು ಕೇಳೋ ಒಂದು ಟೆಕ್ಸ್ಟ್ ಫೈಲು. ಗುರುವಾರದ ಬ್ಯಾಕಪ್ ಹೊರಗಿನ ಹಾರ್ಡ್ ಡಿಸ್ಕಲ್ಲಿ ಇತ್ತು, ಅದು ಇಲ್ದಿದ್ರೆ ಆ ವರ್ಷದ ಟ್ಯಾಕ್ಸ್ ಆಡಿಟ್ ಕೆಲ್ಸ ಅಲ್ಲಿಗೇ ನಿಲ್ತಿತ್ತು. ಶುಕ್ರವಾರ ಶನಿವಾರದ ವೋಚರ್‌ಗಳನ್ನ ಮತ್ತೆ ಕೂತು ಎಂಟ್ರಿ ಮಾಡಿದ್ರು.

ಅವತ್ತಿಂದ ನಂಗೆ ಲೈಸೆನ್ಸ್ ಅಂದ್ರೆ ಬಿಲ್ಲಿನ ವಿಷ್ಯ ಅಂತ ಅನ್ಸೋದೇ ಇಲ್ಲ. ಎಷ್ಟು ತಗೊಂಡ್ವಿ, ಯಾವ ಲೆಕ್ಕದಲ್ಲಿ ತಗೊಂಡ್ವಿ ಅನ್ನೋದೇ ಅರ್ಧ ಸೆಕ್ಯೂರಿಟಿ.

ನಾನು ಕೆಲ್ಸ ಮಾಡೋದು ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಮೆಷಿನಿಂಗ್ ಯೂನಿಟ್ಟಲ್ಲಿ, ಅಲ್ಲಿನ ಐಟಿ ಪೂರ್ತಿ ನನ್ನ ಜವಾಬ್ದಾರಿ, ಭಾವನ ಆಫೀಸಿಂದು ಮನೆಯವ್ರ ಕೆಲ್ಸ ಅಂತ ನೋಡ್ಕೋತೀನಿ. ಎರಡೂ ಕಡೆ ಎಂಡ್‌ಪಾಯಿಂಟ್ ಸೆಕ್ಯೂರಿಟಿ, ಅಂದ್ರೆ ಪಿಸಿ, ಲ್ಯಾಪ್‌ಟಾಪ್, ಸರ್ವರ್ ಕಾಯೋ ಸಾಫ್ಟ್‌ವೇರು, ಅದ್ರ ರಿನ್ಯೂವಲ್ ಒಟ್ಟಿಗೆ ಬಂತು, ಹಂಗಾಗಿ ಮೂರು ತಿಂಗಳು ಕೂತು ಒಂದೊಂದೇ ಪ್ರಾಡಕ್ಟ್ ಟ್ರಯಲ್ ಹಾಕಿ ನೋಡ್ದೆ. ಮೈಕ್ರೋಸಾಫ್ಟ್ ಡಿಫೆಂಡರ್ ಫಾರ್ ಬಿಸಿನೆಸ್ (ವಿಂಡೋಸ್ ಜೊತೆ ಬರೋ ಡಿಫೆಂಡರ್ ಅಲ್ಲ, ದುಡ್ಡು ಕೊಟ್ಟು ತಗೊಳ್ಳೋದು), ಸೋಫೋಸ್, ಕ್ರೌಡ್‌ಸ್ಟ್ರೈಕ್ ಫಾಲ್ಕನ್ ಗೋ, ಬಿಟ್‌ಡಿಫೆಂಡರ್ ಗ್ರಾವಿಟಿಝೋನ್, ಈಸೆಟ್, ಆಮೇಲೆ ಪುಣೆಯ ಕ್ವಿಕ್ ಹೀಲ್‌ನವರ ಸೆಕ್ರೈಟ್. ಫಾಲ್ಕನ್ ಬಿಟ್ರೆ ಹೆಚ್ಚಿನವು 30 ದಿನ ಟ್ರಯಲ್ ಕೊಡ್ತಾವೆ, ಫಾಲ್ಕನ್ 15 ದಿನ.

ಮೊದ್ಲು ಲೆಕ್ಕ ಹೇಳ್ತೀನಿ, ಯಾಕಂದ್ರೆ ನಾನೂ ಮೊದ್ಲು ತಪ್ಪಿದ್ದು ಅಲ್ಲೇ.

ಫ್ಯಾಕ್ಟರೀಲಿ 26 ಪಿಸಿ, 2 ಸರ್ವರ್. ಫ್ಯಾಕ್ಟರಿಯ ಆಫೀಸಲ್ಲಿ 14 ಜನ, ಅವ್ರಿಗೆ ತಲೆಗೊಂದು ಪಿಸಿ. ಉಳಿದ 12 ಪಿಸಿ ಶಾಪ್ ಫ್ಲೋರಲ್ಲಿ, ಅಂದ್ರೆ ಮಷೀನುಗಳಿರೋ ಕಡೆ, ಅವನ್ನ ಶಿಫ್ಟ್ ಪ್ರಕಾರ ಬಳಸೋ ಆಪರೇಟರ್, ಕ್ವಾಲಿಟಿ, ಸ್ಟೋರ್ಸ್ ಜನ ಎಲ್ಲ ಸೇರಿ 30. ಅಂದ್ರೆ ಮಷೀನ್ ಲೆಕ್ಕ 28, ತಲೆ ಲೆಕ್ಕ 44. ಭಾವನ ಆಫೀಸಲ್ಲಿ ಉಲ್ಟಾ: ಜನ 9, ಈಗ ಡೆಸ್ಕ್‌ಟಾಪು ಲ್ಯಾಪ್‌ಟಾಪು ಸೇರಿ 15, ಆಮೇಲೆ ಎಲ್ಲರ ಫೋನಲ್ಲೂ ಆಫೀಸ್ ಮೇಲ್.

ಡಿಫೆಂಡರ್ ಫಾರ್ ಬಿಸಿನೆಸ್ ಲಿಸ್ಟ್ ಪ್ರೈಸ್ ಯೂಸರಿಗೆ ತಿಂಗಳಿಗೆ 3 ಡಾಲರ್, ವರ್ಷಕ್ಕೆ 36. ಫಾಲ್ಕನ್ ಗೋ ಡಿವೈಸಿಗೆ ವರ್ಷಕ್ಕೆ 59.99. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವ್ರು ಯಾರಾದ್ರೂ ಡಿಫೆಂಡರ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ರೇಟಿಗೇ ಸಿಗುತ್ತೆ ಅಂತಾರೆ, ನಾನೂ ಎಂಡಿಯವರಿಗೆ ಹಂಗೇ ಹೇಳಿಬಿಟ್ಟಿದ್ದೆ. ಆದ್ರೆ ಡಿಫೆಂಡರ್ ಲೈಸೆನ್ಸ್ ಯೂಸರ್ ಮೇಲೆ, ಒಬ್ಬ ಯೂಸರಿಗೆ 5 ಡಿವೈಸ್‌ವರೆಗೂ ಓಕೆ, ಅದೇ ಒಂದು ಪಿಸೀನ ಮೂರು ಶಿಫ್ಟಲ್ಲಿ ಮೂರು ಜನ ಬಳಸಿದ್ರೆ ಮೂವರಿಗೂ ಲೈಸೆನ್ಸ್ ಬೇಕು. ಫ್ಯಾಕ್ಟರಿಗೆ ಹಾಕಿ ನೋಡಿ: 44 ಯೂಸರಿಗೆ 1584 ಡಾಲರ್, ಸರ್ವರ್‌ಗೆ ಬೇರೆ ಆ್ಯಡ್-ಆನ್, ಅದೂ ತಿಂಗಳಿಗೆ 3 ಡಾಲರ್, ಎರಡು ಸರ್ವರಿಗೆ 72. ಒಟ್ಟು 1656. ಫಾಲ್ಕನ್ ಗೋ 28 ಡಿವೈಸಿಗೆ ಸುಮಾರು 1680. ಎಲ್ಲಿ ಹೋಯ್ತು ಆ ಅಗ್ಗ? ಅದೇ ಭಾವನ ಆಫೀಸಿಗೆ ಹಾಕಿದ್ರೆ ಡಿಫೆಂಡರ್ 9 ಜನಕ್ಕೆ 324 ಡಾಲರ್, ಫೋನುಗಳೂ ಅದ್ರಲ್ಲೇ ಬರ್ತಾವೆ, ಫಾಲ್ಕನ್ 15 ಕಂಪ್ಯೂಟರಿಗೆ 900. ಅದೇ ಎರಡು ಪ್ರಾಡಕ್ಟು, ಜಾಗ ಬದಲಾದ್ರೆ ಉತ್ತರ ಪೂರ್ತಿ ಬೇರೆ.

ಸೋಫೋಸ್ ಕೂಡ ಎಂಡ್‌ಪಾಯಿಂಟಿಗೆ ಯೂಸರ್ ಲೆಕ್ಕ, ಸರ್ವರಿಗೆ ಸರ್ವರ್ ಲೆಕ್ಕ. ಅದ್ರ ಕ್ರಿಪ್ಟೋಗಾರ್ಡ್ ನಂಗೆ ನಿಜವಾಗ್ಲೂ ಇಷ್ಟ ಆಯ್ತು, ಫೈಲ್‌ಗಳು ಲಾಕ್ ಆಗೋಕೆ ಶುರುವಾದ ತಕ್ಷಣ ಆ ಪ್ರೋಗ್ರಾಮನ್ನ ನಿಲ್ಸಿ ಆಗ್ಲೇ ಲಾಕ್ ಆಗಿದ್ದನ್ನ ವಾಪಸ್ ತರುತ್ತೆ, ಆ ಸೋಮವಾರ ನೋಡಿದವನಿಗೆ ಅದ್ರ ಬೆಲೆ ಗೊತ್ತು. ಆದ್ರೆ ನಮ್ಮ ಫ್ಲೋರಿಗೆ ತಲೆ ಲೆಕ್ಕ ಒಗ್ಗಲ್ಲ. ಈಸೆಟ್, ಬಿಟ್‌ಡಿಫೆಂಡರ್, ಸೆಕ್ರೈಟ್ ಮೂರೂ ಡಿವೈಸ್ ಲೆಕ್ಕ. ಬಿಟ್‌ಡಿಫೆಂಡರ್‌ನ ಬಿಸಿನೆಸ್ ಸೆಕ್ಯೂರಿಟಿ ಪ್ಯಾಕಲ್ಲಿ ಸರ್ವರುಗಳು ಒಟ್ಟು ಸಂಖ್ಯೆಯ 30% ದಾಟಬಾರದು ಅಂತೊಂದು ಶರತ್ತಿದೆ, 28ರಲ್ಲಿ 2 ಇರೋ ನಮಗೆ ಏನೂ ತೊಂದ್ರೆ ಇಲ್ಲ, ಆದ್ರೆ ನಾಲ್ಕು ಪಿಸಿ ಎರಡು ಸರ್ವರ್ ಇಟ್ಕೊಂಡಿರೋ ಸಣ್ಣ ಆಫೀಸಿನವ್ರು ಇದನ್ನ ಓದದೆ ತಗೋಬೇಡಿ. ಈಸೆಟ್‌ನ ಎಂಟ್ರಿ ಪ್ಯಾಕಲ್ಲೇ ಫೈಲ್ ಸರ್ವರ್ ಕೂಡ ಬರುತ್ತೆ, ಎಲ್ಲ ಪಿಸೀನೂ ಒಂದೇ ಕಡೆಯಿಂದ ನೋಡ್ಕೊಳ್ಳೋ ಕನ್ಸೋಲ್ ಕ್ಲೌಡಲ್ಲಿ ಬೇಕಾದ್ರೂ ಇಟ್ಕೋಬೋದು ನಮ್ಮ ಸರ್ವರಲ್ಲಿ ಬೇಕಾದ್ರೂ ಇಟ್ಕೋಬೋದು, 4 ಜಿಬಿ ರ‍್ಯಾಮ್ ಇರೋ ಹಳೇ ಪಿಸಿಗಳಲ್ಲೂ ಅದು ಇದೆ ಅಂತಾನೇ ಗೊತ್ತಾಗ್ಲಿಲ್ಲ.

ಇನ್ನು ವಿಂಡೋಸ್ ಎಡಿಷನ್. ಡಿಫೆಂಡರ್ ಫಾರ್ ಬಿಸಿನೆಸ್‌ಗೆ ವಿಂಡೋಸ್ ಹೋಮ್ ನಡೆಯಲ್ಲ, ಪ್ರೊ ಅಥ್ವಾ ಮೇಲಿನದೇ ಬೇಕು. ನಮ್ಮ ಊರುಗಳಲ್ಲಿ ಅಂಗಡಿಯಿಂದ ತಂದ ಲ್ಯಾಪ್‌ಟಾಪ್ ಅಂದ್ರೆ ಬಹಳಷ್ಟು ಹೋಮೇ. ಭಾವನ ಆಫೀಸಲ್ಲಿ ಐದು ಲ್ಯಾಪ್‌ಟಾಪ್ ಹಂಗಿದ್ವು, ಪ್ರೊ ಮಾಡೋಕೆ ಅಮೆರಿಕದ ಲಿಸ್ಟ್ ಪ್ರೈಸ್ ಒಂದಕ್ಕೆ 99 ಡಾಲರ್, ಇಲ್ಲಿನ ರೂಪಾಯಿ ರೇಟು ಬೇರೆ ಇರುತ್ತೆ, ಆದ್ರೂ ಮೊದಲ್ನೇ ವರ್ಷದ ಲೆಕ್ಕಕ್ಕೆ ಅದನ್ನ ಸೇರಿಸ್ಲೇಬೇಕು. ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಬಿಸಿನೆಸ್‌ಗೆ ಮುಂದಿನ ಸೆಕ್ಯೂರಿಟಿ ಅಪ್‌ಡೇಟ್ ಬೇಕಂದ್ರೆ ಮೊದಲ ವರ್ಷ ಪಿಸಿಗೆ 61 ಡಾಲರ್, ಎರಡನೇ ವರ್ಷ ಅದ್ರ ಡಬಲ್, ಮೂರನೇ ವರ್ಷ ಅದರದ್ದೂ ಡಬಲ್, ಮೂರೂ ಸೇರಿದ್ರೆ 427. ಎಂಡ್‌ಪಾಯಿಂಟ್ ಸಾಫ್ಟ್‌ವೇರಿಗಿಂತ ಇದೇ ದುಬಾರಿ. ಆಂಟಿವೈರಸ್ ಚೆನ್ನಾಗಿರೋದು ಇದೆಯಲ್ಲ ಅಂತ ಹಳೇ ವಿಂಡೋಸನ್ನೇ ಎಳೀತಾ ಇರೋವ್ರು ಈ ಲೆಕ್ಕ ಒಮ್ಮೆ ಹಾಕಿ, ಆ ದುಡ್ಡಿಗೆ ಒಳ್ಳೇ ರೀಫರ್ಬಿಶ್ಡ್ ಪಿಸಿ ಬರುತ್ತೆ.

ಫ್ಲೋರಲ್ಲಿ ಒಂದು ದಿನ ಆಗಿದ್ದು ಹೇಳ್ತೀನಿ. ಯಾವ ಪ್ರಾಡಕ್ಟ್ ಟ್ರಯಲ್ ಇದ್ದಾಗ ಅನ್ನೋದು ಬೇಡ, ಸೆಟ್ಟಿಂಗ್ ಸರಿ ಮಾಡದಿದ್ರೆ ಯಾವುದ್ರಲ್ಲಾದ್ರೂ ಆಗಬೋದು. ಬೆಳಿಗ್ಗೆ 6ರ ಶಿಫ್ಟ್, ಸೂಪರ್‌ವೈಸರ್ ಫೋನ್ ಮಾಡಿ "ಸಾರ್, ಪ್ರೋಗ್ರಾಂ ಮಷೀನಿಗೆ ಹೋಗ್ತಾನೇ ಇಲ್ಲ, ನೀವೇ ಬಂದು ನೋಡ್ಬೇಕು" ಅಂದ್ರು. ಹೋಗಿ ನೋಡಿದ್ರೆ ಪಿಸಿಯಿಂದ ಸಿಎನ್‌ಸಿಗೆ (ಕಂಪ್ಯೂಟರ್ ಪ್ರೋಗ್ರಾಮಿಂದ ನಡೆಯೋ ಮಷೀನಿಗೆ) ಪ್ರೋಗ್ರಾಂ ಕಳ್ಸೋ ಹಳೇ ಡಿಎನ್‌ಸಿ ಸಾಫ್ಟ್‌ವೇರಿನ ಎಕ್ಸಿ ಫೈಲನ್ನೇ ಎತ್ತಿ ಕ್ವಾರಂಟೀನಿಗೆ ಹಾಕಿದೆ. ವಿಎಂಸಿ (ಆ ಸಿಎನ್‌ಸಿ ಮಷೀನೇ) ಬಾಗಿಲು ತೆಗೆದು ನಿಂತಿದೆ, ಫಿಕ್ಸ್‌ಚರಲ್ಲಿ ಜಾಬ್ ಕ್ಲ್ಯಾಂಪ್ ಆಗಿದೆ, ಕೂಲಂಟ್ ತೊಟ್ಟಿಕ್ತಾ ಇದೆ, ಆಪರೇಟರ್ ಕೈಯಲ್ಲಿ ಬನಿಯನ್ ವೇಸ್ಟ್ ಹಿಡ್ಕೊಂಡು ನನ್ನ ಮುಖ ನೋಡ್ತಾ ಇದಾನೆ. ಕನ್ಸೋಲಿಗೆ ಹೋಗಿ ಫೈಲ್ ವಾಪಸ್ ತಂದು, ಇದನ್ನ ಮುಟ್ಟಬೇಡ ಅಂತ ಎಕ್ಸ್‌ಕ್ಲೂಷನ್ ಹಾಕಿ, ಆ ಪಾಲಿಸಿ (ಸೆಟ್ಟಿಂಗ್) ಪಿಸಿಗೆ ಇಳಿಯೋವರೆಗೆ ಕಾದು, ಒಟ್ಟು 40 ನಿಮಿಷ ಮಷೀನ್ ನಿಂತಿತ್ತು. ಆಮೇಲಿಂದ ಪ್ರತಿ ಟ್ರಯಲಲ್ಲೂ ನಾನು ಮೊದ್ಲು ನೋಡ್ತಿದ್ದಿದ್ದು ಇದೊಂದೇ: ಎಕ್ಸ್‌ಕ್ಲೂಷನ್ ಹಾಕಿದ್ರೆ ಎಷ್ಟೊತ್ತಲ್ಲಿ ಪಿಸಿಗೆ ತಲುಪುತ್ತೆ. ನಮ್ಮ ಒಳಗಿನ ಸರ್ವರಲ್ಲೇ ಕನ್ಸೋಲ್ ಇದ್ದಾಗ ಬೇಗ ತಲುಪ್ತಿತ್ತು. ಇಂಟರ್‌ನೆಟ್ ಹೋದ್ರೂ ಪಾಲಿಸಿ ಇಳಿಯೋದು ನಿಲ್ಲಲ್ಲ, ಮಾಚೇನಹಳ್ಳೀಲಿ ಕೆಲ್ಸ ಮಾಡೋವ್ರಿಗೆ ಇದು ಸಣ್ಣ ವಿಷ್ಯ ಅಲ್ಲ.

ಅದೇ ಕಾರಣಕ್ಕೆ ಸೆಕ್ರೈಟ್ ಆನ್-ಪ್ರಿಮೈಸ್, ಅಂದ್ರೆ ಕನ್ಸೋಲ್ ನಮ್ಮ ಸರ್ವರಲ್ಲೇ ಇರೋದು, ನಂಗೆ ಹಿಡಿಸ್ತು. ಒಂದು ಸರ್ವರ್ ಅಪ್‌ಡೇಟ್ ಇಳಿಸ್ಕೊಂಡು ಉಳಿದವಕ್ಕೆಲ್ಲ ಹಂಚುತ್ತೆ. ಪೆನ್‌ಡ್ರೈವ್ ಕಂಟ್ರೋಲ್ ಒಳ್ಳೇದಿದೆ, ನಮ್ಮಲ್ಲಿ ಪ್ರೋಗ್ರಾಂ ಈಗ್ಲೂ ಎರಡು ಹಳೇ ಮಷೀನಿಗೆ ಪೆನ್‌ಡ್ರೈವಲ್ಲೇ ಹೋಗೋದು, ಹಂಗಾಗಿ ನಾಲ್ಕು ಪೆನ್‌ಡ್ರೈವ್ ಮಾತ್ರ ಪರ್ಮಿಷನ್ ಕೊಟ್ಟು ಅವುಗಳ ಮೇಲೆ ಹಳದಿ ಪೇಂಟ್ ಹಚ್ಚಿ ಇಟ್ಟಿದೀನಿ, ಬೇರೆ ಯಾವುದೂ ಓಪನ್ ಆಗಲ್ಲ. ಮೆಷರಿಂಗ್ ಮಷೀನಿಗೆ ಕೂಡಿಸಿರೋ ಒಂದು ವಿಂಡೋಸ್ 7 ಪಿಸಿ ಇದೆ, ಅದಕ್ಕೂ ಏಜೆಂಟ್ (ಪಿಸಿಯೊಳಗೆ ಇನ್‌ಸ್ಟಾಲ್ ಆಗೋ ಭಾಗ) ಕೂತ್ಕೊಳ್ತು. ಡಿಫೆಂಡರ್ ಫಾರ್ ಬಿಸಿನೆಸ್ ಅಲ್ಲಿಗೆ ಬರೋದೇ ಇಲ್ಲ.

ಫಾಲ್ಕನ್ ಬಗ್ಗೆ ಕೇಳಿದವ್ರೆಲ್ಲ 2024ರ ಜುಲೈ 19ನ್ನ ನೆನಪಿಸ್ಕೋತಾರೆ. ಒಂದು ಕೆಟ್ಟ ಅಪ್‌ಡೇಟಿಂದ 85 ಲಕ್ಷ ವಿಂಡೋಸ್ ಮಷೀನು ಬ್ಲೂ ಸ್ಕ್ರೀನ್ ಆಗಿ, ನಮ್ಮ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟಿದ್ರು. ಅದೊಂದಕ್ಕೇ ಆ ಪ್ರಾಡಕ್ಟ್ ಬೇಡ ಅನ್ನೋದು ನನ್ನ ಪ್ರಕಾರ ಸರಿಯಲ್ಲ, ಹಿಡಿಯೋದ್ರಲ್ಲಿ ಅದು ತುಂಬಾ ಗಟ್ಟಿ. ಆದ್ರೆ ಅವತ್ತು ಸೇಫ್ ಮೋಡಿಗೆ ಹೋಗಿ ಫೈಲ್ ತೆಗೀಬೇಕಾದ್ರೆ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಇದ್ದ ಕಡೆ ಅದ್ರ ಕೀ ಕೇಳ್ತಿತ್ತು, ಕೀ ಎಲ್ಲಿದೆ ಅಂತ ಗೊತ್ತಿಲ್ಲದವ್ರು ಒದ್ದಾಡಿದ್ರು. ಯಾವ ಪ್ರಾಡಕ್ಟ್ ಹಾಕಿದ್ರೂ ಬಿಟ್‌ಲಾಕರ್ ಕೀಗಳನ್ನ ಪ್ರಿಂಟ್ ತೆಗೆದು ಬೀರುವಿನಲ್ಲಿ ಇಡಿ, ನಾನು ಇಟ್ಟಿದೀನಿ. ರಷ್ಯಾದ ಕ್ಯಾಸ್ಪರ್‌ಸ್ಕೀನೂ ಡೀಲರ್ ಕಡಿಮೆಗೆ ಕೊಡ್ತೀನಿ ಅಂದ್ರು. ಅಮೆರಿಕ ಸರ್ಕಾರ 2024ರ ಜೂನಲ್ಲಿ ಅಲ್ಲಿ ಅದ್ರ ಮಾರಾಟ ನಿಷೇಧಿಸಿ ಆದೇಶ ಹೊರಡಿಸಿತು, ಆ ಆದೇಶ ನಮಗೆ ಅನ್ವಯ ಆಗಲ್ಲ, ಆದ್ರೆ ನಮ್ಮ ಕಾಸ್ಟಿಂಗ್ ಹೋಗೋದು ಅಲ್ಲಿಗೇ, ಕಸ್ಟಮರ್ ಕಳಿಸೋ ಪ್ರಶ್ನಾವಳೀಲಿ ಯಾವ ಸಾಫ್ಟ್‌ವೇರ್ ಅಂತ ಬರೀಬೇಕು. ಹಂಗಾಗಿ ಅದನ್ನ ಟ್ರಯಲಿಗೇ ತಗೊಳ್ಲಿಲ್ಲ.

ಕೊಟೇಶನ್ ಬಂದಾಗ ಡೀಲರ್ ಹತ್ರ ನಾನು ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಎರಡನೇ ವರ್ಷದ ರೇಟು. "ಅದು ಆಗ ನೋಡೋಣ ಬಿಡಿ ಸಾರ್" ಅಂದ್ರು. ನಾನು ಬಿಡ್ಲಿಲ್ಲ. ಮೊದಲ್ನೇ ವರ್ಷ ಬೇರೆ ಕಂಪನಿಯಿಂದ ಬರೋರಿಗೆ ಅಂತ ಡಿಸ್ಕೌಂಟ್ ಕೊಟ್ಟಿರ್ತಾರೆ, ರಿನ್ಯೂವಲಲ್ಲಿ ಅದು ಇರಲ್ಲ, ಅಷ್ಟೊತ್ತಿಗೆ 28 ಮಷೀನಲ್ಲಿ ಏಜೆಂಟ್ ಕೂತಿರುತ್ತೆ, ಬದಲಾಯಿಸೋಕೆ ಎರಡು ಭಾನುವಾರ ಬೇಕು, ಅದು ಅವ್ರಿಗೂ ಗೊತ್ತು. ಅದಕ್ಕೆ ಮೂರು ವರ್ಷದ ರೇಟನ್ನ ಬರವಣಿಗೇಲಿ ತಗೊಂಡ್ವಿ. ಮಧ್ಯ ಎರಡು ಪಿಸಿ ಸೇರಿದ್ರೆ ಅವುಗಳ ಮುಕ್ತಾಯದ ದಿನಾನೂ ಮೊದಲ್ನೇದರ ಜೊತೆಗೇ ಬರ್ಬೇಕು ಅಂತಾನೂ ಬರೆಸಿದ್ವಿ, ಇಲ್ಲಾಂದ್ರೆ ವರ್ಷದಲ್ಲಿ ನಾಲ್ಕು ರಿನ್ಯೂವಲ್ ಡೇಟ್ ಆಗಿ ಒಂದಲ್ಲ ಒಂದು ಮರ್ತುಹೋಗುತ್ತೆ. ಮೈಕ್ರೋಸಾಫ್ಟ್ ಕಡೆ ಇನ್ನೊಂದಿದೆ: ವರ್ಷದ ಕಮಿಟ್‌ಮೆಂಟ್ ತಗೊಂಡ್ರೆ 7 ದಿನದೊಳಗೆ ಮಾತ್ರ ಸೀಟು ಕಡಿಮೆ ಮಾಡ್ಬೋದು, ಆಮೇಲೆ ಜಾಸ್ತಿ ಮಾಡ್ಬೋದೇ ಹೊರತು ಕಡಿಮೆ ಮಾಡೋಕೆ ಅವಧಿ ಮುಗೀಬೇಕು. ಆರ್ಟಿಕಲ್‌ಶಿಪ್ (ಸಿಎ ಓದೋವ್ರ ತರಬೇತಿ) ಹುಡುಗ್ರು ಬಂದುಹೋಗೋ ಆಡಿಟ್ ಆಫೀಸಿಗೆ ಇದು ಮುಖ್ಯ, ಹೋದೋರ ಸೀಟನ್ನ ಹೊಸಬ್ರಿಗೆ ವರ್ಗಾಯಿಸ್ಕೋಬೇಕು. ಜಿಎಸ್‌ಟಿ 18% ಮೇಲೆ, ರಿಜಿಸ್ಟರ್ ಆಗಿರೋರಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ. ಹೊರದೇಶದ ಕಂಪನಿಯಿಂದ ನೇರ ಕಾರ್ಡಲ್ಲಿ ತಗೊಂಡ್ರೆ ಮಾತ್ರ ರಿವರ್ಸ್ ಚಾರ್ಜಲ್ಲಿ ನೀವೇ ಕಟ್ಬೇಕು, ಇದನ್ನ ಹೇಳಿದ್ದು ಭಾವ.

ಇಡಿಆರ್, ಅಂದ್ರೆ ದಾಳಿ ಎಲ್ಲಿಂದ ಬಂತು, ಪಿಸೀಲಿ ಏನೇನು ಮಾಡ್ತು ಅಂತ ದಾಖಲಿಸಿ ತೋರಿಸೋದು, ಅದು ಬೇಕಾ ಅಂತ ತುಂಬಾ ಯೋಚ್ನೆ ಮಾಡ್ದೆ. ಕೇಂದ್ರ ಸರ್ಕಾರದ ಸೈಬರ್ ಸೆಕ್ಯೂರಿಟಿ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೈಬರ್ ದಾಳಿಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವ್ರಿಗೆ ತಿಳಿಸ್ಬೇಕು, ಲಾಗ್ (ಕಂಪ್ಯೂಟರಲ್ಲಿ ನಡೆದದ್ದರ ದಾಖಲೆ) 180 ದಿನ ಇಟ್ಕೋಬೇಕು. ಏನಾಯ್ತು, ಎಲ್ಲಿಂದ ಬಂತು ಅಂತ ತೋರಿಸೋಕೆ ಬರೀ ಆಂಟಿವೈರಸ್ ಸಾಲಲ್ಲ. ಡಿಫೆಂಡರ್ ಫಾರ್ ಬಿಸಿನೆಸ್‌ನ ದೊಡ್ಡ ಬಲ ಇಲ್ಲೇ, ಆ 3 ಡಾಲರಲ್ಲೇ ಇಡಿಆರ್ ಸೇರಿದೆ. ಈಸೆಟ್, ಬಿಟ್‌ಡಿಫೆಂಡರಲ್ಲಿ ಅದಕ್ಕೆ ಮೇಲಿನ ಪ್ಯಾಕಿಗೆ ಹೋಗ್ಬೇಕು.

ಕೊನೆಗೆ ಭಾವನ ಆಫೀಸಿಗೆ ಮೈಕ್ರೋಸಾಫ್ಟೇ ಹಾಕಿದ್ವಿ. ಅವ್ರದ್ದು ಮೊದ್ಲೇ ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್ (ಮೇಲ್, ವರ್ಡ್, ಎಕ್ಸೆಲ್ ಸೇರಿರೋ ಪ್ಯಾಕ್) ಇತ್ತು, ಆಗ ಯೂಸರಿಗೆ ತಿಂಗಳಿಗೆ 12.50 ಡಾಲರಿನದು. ಲ್ಯಾಪ್‌ಟಾಪ್ ಹಿಡ್ಕೊಂಡು ಕ್ಲೈಂಟ್ ಹತ್ರ ಹೋಗೋ 6 ಜನಕ್ಕೆ 22 ಡಾಲರಿನ ಪ್ರೀಮಿಯಂ ಮಾಡಿದ್ವಿ, ಅದ್ರಲ್ಲಿ ಡಿಫೆಂಡರ್ ಜೊತೆ ಇಂಟ್ಯೂನೂ ಬರುತ್ತೆ, ಲ್ಯಾಪ್‌ಟಾಪ್ ಬಸ್ಸಲ್ಲಿ ಕಳ್ದುಹೋದ್ರೆ ಇಲ್ಲಿಂದಲೇ ಅಳಿಸ್ಬೋದು. ಉಳಿದ 3 ಜನಕ್ಕೆ ಬರೀ ಡಿಫೆಂಡರ್. ತಿಂಗಳಿಗೆ 66 ಡಾಲರ್ ಜಾಸ್ತಿ ಆಯ್ತು, ಎಲ್ಲರಿಗೂ ಪ್ರೀಮಿಯಂ ಮಾಡಿದ್ರೆ 85.50 ಆಗ್ತಿತ್ತು. ಫ್ಯಾಕ್ಟರಿಗೆ ಸೆಕ್ರೈಟ್, 28ರ ಬದ್ಲು 30 ಲೈಸೆನ್ಸ್. ಆ ಎರಡು ಎಕ್ಸ್‌ಟ್ರಾ ಯಾಕೆ ಅಂತ ಅಕೌಂಟ್ಸ್‌ನವ್ರು ಕೇಳಿದ್ರು, ದುರ್ಗಿಗುಡಿಯ ಹದಿಮೂರನೇ ಪಿಸಿ ಕಥೆ ಹೇಳ್ದೆ, ಸೈನ್ ಮಾಡಿದ್ರು. ಈಗ ಪ್ರತಿ ತಿಂಗಳು 1ನೇ ತಾರೀಕು ಕನ್ಸೋಲಿನ ಲಿಸ್ಟ್ ಪ್ರಿಂಟ್ ಹಿಡ್ಕೊಂಡು ಫ್ಲೋರ್ ಪೂರ್ತಿ ಒಂದು ಸುತ್ತು ಹೋಗ್ತೀನಿ, ಪಿಸಿ ಮೇಲಿನ ಸ್ಟಿಕ್ಕರ್ ನಂಬರು ಲಿಸ್ಟಿಗೆ ಟ್ಯಾಲಿ ಆಗುತ್ತಾ ಅಂತ ನೋಡ್ತೀನಿ. ಹೋದ ತಿಂಗಳು ಸ್ಟೋರ್ಸ್ ಹಿಂದಿನ ರೂಮಲ್ಲಿ ಸ್ಟಿಕ್ಕರ್ ಇಲ್ಲದ ಒಂದು ಪಿಸಿ ಸಿಕ್ತು.