ಫೋಟೊಗೆ ಕವಿತೆಯ ಸಾಲು: ಚಿತ್ರದ ಮೇಲೋ, ಕೆಳಗಿನ ಪಟ್ಟಿಯಲ್ಲೋ, ಮುಂದಿನ ಪುಟದಲ್ಲೋ?

ಫೋಟೊ ಜೊತೆ ಕವಿತೆಯ ಸಾಲು ಕೂರಿಸಲು ಇರುವುದು ಮುಖ್ಯವಾಗಿ ಮೂರು ದಾರಿ. ಚಿತ್ರದ ಮೇಲೆಯೇ ಬರೆಯಬಹುದು, ಚಿತ್ರದ ಕೆಳಗೆ ಒಂದೇ ಬಣ್ಣದ ಪಟ್ಟಿ ಬಿಟ್ಟು ಅಲ್ಲಿ ಬರೆಯಬಹುದು, ಇಲ್ಲವೇ ಮೊದಲು ಬರೀ ಚಿತ್ರ ತೋರಿಸಿ ಬೆರಳಿನಿಂದ ಸರಿಸಿದಾಗ ಸಿಗುವ ಎರಡನೇ ಪುಟದಲ್ಲಿ ಸಾಲು ಇಡಬಹುದು. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಪಟ್ಟಿಗೇ. ಚಿತ್ರದ ಮೇಲೆ ಬರೆಯುವ ರೆಡಿಮೇಡ್ ವಿನ್ಯಾಸಗಳಿಗೆ ಹಲವು ಆ್ಯಪ್‌ಗಳು ತಿಂಗಳ ಚಂದಾ ಕೇಳುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಆ ದುಡ್ಡು ದಂಡ.

ಕಾರಣ ಒತ್ತಕ್ಷರ. ಆ ವಿನ್ಯಾಸಗಳೆಲ್ಲ ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದವು. ಅಲ್ಲಿ ಸಾಲಿನ ಕೆಳಗೆ ಇಳಿಯುವುದು ಕೆಲವೇ ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರವೇ ಕೂರುತ್ತದೆ, ‘ರಾಷ್ಟ್ರ’, ‘ಸ್ತ್ರೀ’ಯಂಥ ಕಡೆ ಎರಡು. ಫೋಟೊಶಾಪ್ ತಾನಾಗಿಯೇ ಕೊಡುವ ಸಾಲುಗಳ ಅಂತರ ಅಕ್ಷರದ ಗಾತ್ರದ 120%. ಅಷ್ಟರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಢಿಕ್ಕಿ ಹೊಡೆಯುತ್ತದೆ. 160ರಿಂದ 170% ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ, ಆದರೆ ಆಗ ನಾಲ್ಕು ಸಾಲು ಸೇರಿ ಚಿತ್ರದ ದೊಡ್ಡ ಭಾಗವನ್ನೇ ನುಂಗುತ್ತವೆ. ಕೆಲವು ಮೊಬೈಲ್ ಆ್ಯಪ್‌ಗಳಂತೂ ಕೊನೆಯ ಸಾಲಿನ ಒತ್ತುಗಳನ್ನು ಅರ್ಧಕ್ಕೇ ಕತ್ತರಿಸಿಬಿಡುತ್ತವೆ. ಕೊನೆಗೊಂದು ಖಾಲಿ ಸಾಲು ಸೇರಿಸಿದರೆ ಸಾಮಾನ್ಯವಾಗಿ ಅದು ಸರಿಹೋಗುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಸೊನ್ನೆಯಿಂದ ಅಲುಗಿಸಬೇಡಿ. ಹಿಗ್ಗಿಸಿದರೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಅಕ್ಷರ ಕಣ್ಣಿಗೆ ಕಾಣಬೇಕಲ್ಲ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡದಕ್ಕೆ 3:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಬೇಕು ಎನ್ನುವುದು ವೆಬ್ ವಿನ್ಯಾಸದ ಸಾಮಾನ್ಯ ಮಾನದಂಡ. ಮೋಡ ಕವಿದ ಆಕಾಶದ ಮೇಲೆ ಬಿಳಿ ಸಾಲು ಹಾಕಿ ನೋಡಿ: ಮೊದಲ ಪದ ನೀಲಿಯ ಮೇಲೆ ಎದ್ದು ಕಾಣುತ್ತದೆ, ಮೂರನೆಯದು ಮೋಡದಲ್ಲಿ ಮಾಯ. ಆಗ ಎಲ್ಲರ ಕೈಯೂ ಹೋಗುವುದು ಅಕ್ಷರಕ್ಕೆ ಕಪ್ಪು ಅಂಚು ಕಟ್ಟಲು. ಬಹಳ ಕಡೆ ಅಂಚು ಅರ್ಧ ಹೊರಕ್ಕೆ, ಅರ್ಧ ಒಳಕ್ಕೆ ಬೆಳೆಯುತ್ತದೆ. ಮಹಾಪ್ರಾಣದ ಹೊಟ್ಟೆ ಸೀಳುವ ಗಿಡ್ಡ ಗೆರೆ ಮೊದಲೇ ತೆಳು. ಸಣ್ಣ ಗಾತ್ರದಲ್ಲಿ 3 ಪಿಕ್ಸೆಲ್ ಅಂಚು ಅದನ್ನು ತಿಂದುಹಾಕುತ್ತದೆ. ಕವಿ ‘ಧನ’ ಎಂದು ಬರೆದಿದ್ದರೆ ಓದುಗರಿಗೆ ಕಾಣುವುದು ‘ದನ’. ಫೋಟೊಶಾಪ್‌ನಲ್ಲಿ ಅಂಚಿನ ಸ್ಥಾನವನ್ನು ‘ಔಟ್‌ಸೈಡ್’ ಮಾಡಿದರೆ, ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಅಂಚನ್ನು ಬಣ್ಣದ ಹಿಂದಕ್ಕೆ ತಳ್ಳಿದರೆ ಗೆರೆ ಉಳಿಯುತ್ತದೆ, ಅಕ್ಷರ ಮಾತ್ರ ದಪ್ಪಗೆ ಸಿನಿಮಾ ಪೋಸ್ಟರಿನಂತಾಗುತ್ತದೆ. ಇನ್ನೊಂದು ಉಪಾಯ, ಅಕ್ಷರ ಬರುವ ಜಾಗಕ್ಕೆ 40–50% ಕಪ್ಪು ಗ್ರೇಡಿಯಂಟ್ (ಮೆಲ್ಲಗೆ ಮಾಸುತ್ತಾ ಹೋಗುವ ಬಣ್ಣ) ಎಳೆಯುವುದು. ಹಾಗೆ ಮಾಡಿದರೆ ನೀವು ಪಟ್ಟಿಯನ್ನೇ ಮಾಡಿದಂತಾಯಿತು, ಅದೂ ಚಿತ್ರವನ್ನು ಹಾಳುಗೆಡವಿ.

ಫೋಟೊಶಾಪ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಫಾಂಟನ್ನು ಬೈಯಬೇಡಿ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆಯ್ದುಕೊಳ್ಳಿ. ಇನ್ನೂ ಹಳೆಯವುಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’. ಗಿಂಪ್ ಮತ್ತು ಇಂಕ್‌ಸ್ಕೇಪ್‌ಗೆ ಈ ಉಪಚಾರ ಬೇಕಿಲ್ಲ. ಫಾಂಟ್ ಯೂನಿಕೋಡ್ ಆಗಿರಲಿ, ಅಷ್ಟು ಸಾಕು.

ಈಗ ಪಟ್ಟಿಯ ಲೆಕ್ಕ. ಕ್ಯಾನ್ವಾಸ್, ಅಂದರೆ ಚಿತ್ರ ಮತ್ತು ಪಟ್ಟಿ ಸೇರಿದ ಇಡೀ ಪುಟ, 1080×1350 ಪಿಕ್ಸೆಲ್. ಚೌಕ ಚಿತ್ರವಾದರೆ ಮೇಲಿನ 1080 ಅದಕ್ಕೆ, ಕೆಳಗೆ 270 ಉಳಿಯುತ್ತದೆ. 44 ಪಿಕ್ಸೆಲ್ ಅಕ್ಷರ, 72 ಪಿಕ್ಸೆಲ್ ಸಾಲಂತರದಲ್ಲಿ ಎರಡು ಸಾಲಿಗೆ 144 ಹೋದರೆ ಮೇಲೆ ಕೆಳಗೆ 63 ಪಿಕ್ಸೆಲ್ ಬಿಡುವು. ಮೂರನೇ ಸಾಲು ತುರುಕಿದರೆ ಬಿಡುವು 27ಕ್ಕೆ ಇಳಿದು ಉಸಿರು ಕಟ್ಟುತ್ತದೆ, ಆದ್ದರಿಂದ ಚೌಕಕ್ಕೆ ಎರಡೇ ಸಾಲು. 3:2 ಅಡ್ಡ ಚಿತ್ರ 720 ಎತ್ತರ ತೆಗೆದುಕೊಂಡು 630 ಬಿಟ್ಟುಕೊಡುತ್ತದೆ. ಅಲ್ಲಿ ಆರು ಸಾಲಿನ ಷಟ್ಪದಿಯನ್ನೂ ಆರಾಮಾಗಿ ಕೂರಿಸಬಹುದು. ಭಾಮಿನಿಯಾದರೆ ಅಕ್ಷರದ ಗಾತ್ರ ನಿರ್ಧರಿಸುವುದು ಮೂರನೇ ಮತ್ತು ಆರನೇ ಸಾಲು: ಉಳಿದವು 14 ಮಾತ್ರೆ, ಇವೆರಡು 23. ಮೊದಲು ಅವನ್ನು ಕೂರಿಸಿ ಗಾತ್ರ ಗೊತ್ತುಮಾಡಿಕೊಳ್ಳಿ. ಉದ್ದವಾಯಿತೆಂದು ಎರಡಾಗಿ ಮುರಿದರೆ ಅದು ಷಟ್ಪದಿಯಾಗಿ ಉಳಿಯುವುದಿಲ್ಲ.

ಪಟ್ಟಿಗೆ ಶುದ್ಧ ಬಿಳಿ ಬೇಡ. ಚಿತ್ರದ ಅತಿ ಗಾಢ ನೆರಳಿನಿಂದ ಐಡ್ರಾಪರ್‌ನಲ್ಲಿ ಬಣ್ಣ ಎತ್ತಿ ಪಟ್ಟಿಗೆ ತುಂಬಿ, ಅತಿ ತಿಳಿಯಾದ ಜಾಗದ ಬಣ್ಣವನ್ನು ಅಕ್ಷರಕ್ಕೆ ಕೊಡಿ. ಚಿತ್ರ ಮತ್ತು ಸಾಲು ಒಂದೇ ಬೆಳಕಿನಲ್ಲಿ ಇದ್ದಂತೆ ಕಾಣುತ್ತವೆ. ಗಾಢ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬೇಡ, ಜೆಪೆಗ್ ಆದಾಗ ಅಂಚುಗಳು ಕದಡುತ್ತವೆ. ಫಾಂಟಿಗೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ, ಎರಡೂ ಉಚಿತ.

ಸಾಲುಗಳನ್ನು ಮಧ್ಯಕ್ಕೆ ಜೋಡಿಸುವ ಚಟ ಬಿಡಬೇಕು. ಆದಿಪ್ರಾಸವಿರುವ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರುತ್ತದೆ:

ಮಳೆ ನಿಂತ ಮೇಲೂ
ಹೊಳೆಗಿಲ್ಲ ನಿದ್ದೆ

ಎಡಕ್ಕೆ ಜೋಡಿಸಿದರೆ ‘ಳೆ’ಯ ಕೆಳಗೆ ಹೆಚ್ಚುಕಡಿಮೆ ‘ಳೆ’ ನಿಲ್ಲುತ್ತದೆ, ಕಿವಿಗೆ ಸಿಗುವ ಪ್ರಾಸ ಕಣ್ಣಿಗೂ ಸಿಗುತ್ತದೆ. ಮಧ್ಯಕ್ಕೆ ಜೋಡಿಸಿದರೆ ಸಾಲಿನ ಉದ್ದ ಬದಲಾದಂತೆಲ್ಲ ಅದು ಅತ್ತಿತ್ತ ಸರಿಯುತ್ತದೆ.

ಇನ್ನು ಭಾವದ ಮಾತು. ಚಿತ್ರದ ಮೇಲೆ ಬರೆದ ಸಾಲನ್ನು ಜನ ಮೊದಲು ಓದುತ್ತಾರೆ, ಚಿತ್ರವನ್ನು ಆಮೇಲೆ ನೋಡುತ್ತಾರೆ ಅಥವಾ ನೋಡುವುದೇ ಇಲ್ಲ. ಎಂಥ ಒಳ್ಳೆಯ ಸಾಲೂ ಅಲ್ಲಿ ಶುಭೋದಯದ ಸಂದೇಶದಂತೆ ಕಾಣುತ್ತದೆ. ಪಟ್ಟಿಯಲ್ಲಿದ್ದರೆ ಕಣ್ಣು ಚಿತ್ರದಿಂದ ಸಾಲಿಗೆ ಇಳಿದು ಮತ್ತೆ ಚಿತ್ರಕ್ಕೆ ಏರುತ್ತದೆ. ಆ ಎರಡನೇ ನೋಟದಲ್ಲೇ ಜೋಡಿ ಗೆಲ್ಲುವುದು ಅಥವಾ ಸೋಲುವುದು. ರಾತ್ರಿ, ಕಪ್ಪು ಕಟ್ಟಡ, ಒಂದೇ ಕಿಟಕಿಯಲ್ಲಿ ದೀಪ. ಇದಕ್ಕೆ ‘ಕತ್ತಲಲ್ಲೊಂದು ಬೆಳಕು’ ಎಂದು ಬರೆದರೆ ಚಿತ್ರ ಹೇಳಿದ್ದನ್ನೇ ಮತ್ತೆ ಹೇಳಿದಂತಾಯಿತು. ‘ಯಾರದೋ ತಟ್ಟೆ ಇನ್ನೂ ಮುಚ್ಚಿಟ್ಟಿದೆ’ ಎಂದರೆ ಕಿಟಕಿಯ ಒಳಗೆ ಕಾಯುವವರು ಹುಟ್ಟುತ್ತಾರೆ. ಚಿತ್ರಕ್ಕೆ ತೋರಿಸಲಾಗದ್ದು, ಅಂದರೆ ಸದ್ದು, ವಾಸನೆ, ಹೊತ್ತು, ಅಲ್ಲಿಲ್ಲದ ಮನುಷ್ಯ, ಇವನ್ನು ಸಾಲು ತರಬೇಕು. ಚಿತ್ರದಲ್ಲಿ ಕಾಣುವ ವಸ್ತುವಿನ ಹೆಸರು ಸಾಲಿನಲ್ಲಿದ್ದರೆ ಬೇರೆ ಸಾಲು ಹುಡುಕುವುದು ಲೇಸು.

ಎರಡನೇ ಪುಟದ ದಾರಿಗೆ ಒಂದೇ ಬಲ: ತಡ. ಕೊನೆಯಲ್ಲಿ ತಿರುಗುವ ಪದ್ಯಕ್ಕೆ ಅದು ಒಪ್ಪುತ್ತದೆ. ಆದರೆ ಸರಿಸದೇ ಹೋದವರಿಗೆ ಕವಿತೆಯೇ ಇಲ್ಲ, ಚಿತ್ರವನ್ನು ಯಾರಾದರೂ ಉಳಿಸಿಕೊಂಡು ಬೇರೆಯವರಿಗೆ ಕಳಿಸಿದರೆ ಸಾಲು ಹಿಂದೆಯೇ ಉಳಿಯುತ್ತದೆ, ಕವಿಯ ಹೆಸರೂ.

ನಾನು ಚಂದಾ ಕಟ್ಟುವುದಿಲ್ಲ, ಒಂದೇ ವಿನ್ಯಾಸವನ್ನು ಫೋನಿಗೂ ಮುದ್ರಣಕ್ಕೂ ಬಳಸುತ್ತೇನೆ. ಹಾಗಾಗಿ ಇಂಕ್‌ಸ್ಕೇಪ್ ಮತ್ತು ಪಟ್ಟಿ. 1080 ಪಿಕ್ಸೆಲ್ ಅಗಲ 300 ಡಿಪಿಐನಲ್ಲಿ ಬರೀ 3.6 ಇಂಚು, ಆದರೆ ಇಂಕ್‌ಸ್ಕೇಪಿನ ಅಕ್ಷರ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ರೂಪ) ಆದ್ದರಿಂದ ಮೂಲ ಫೋಟೊ ದೊಡ್ಡದಿದ್ದರೆ ಅದೇ ಕಡತದಿಂದ ದೊಡ್ಡ ಪ್ರಿಂಟೂ ತೆಗೆಯಬಹುದು. ಫೋನಿನಲ್ಲೇ ಎಲ್ಲ ಮುಗಿಸುವವರು ಯಾವ ಉಚಿತ ಆ್ಯಪ್‌ನಲ್ಲಾದರೂ ಒಂದು ಬಣ್ಣದ ಆಯತ ಎಳೆದು ಪಟ್ಟಿ ಮಾಡಿಕೊಳ್ಳಬಹುದು. ಚಿತ್ರದ ಮೇಲೆಯೇ ಬರೆಯುವುದು ಒಂದು ಕಡೆ ಮಾತ್ರ ಸರಿ: ಮಂಜು, ಮರಳು, ಖಾಲಿ ಗೋಡೆಯಂತೆ ಚಿತ್ರದ ಮೂರನೇ ಒಂದು ಭಾಗವಾದರೂ ಒಂದೇ ಬಣ್ಣವಿದ್ದು, ಸಾಲು ಒಂದೇ ಇದ್ದು, ಅದರಲ್ಲಿ ಒತ್ತು ಕಡಿಮೆ ಇದ್ದಾಗ.