ಪುಣೆಯಲ್ಲಿ ಹುಡುಗಿಯರ ಡಬಲ್ಸ್ ಟೂರ್ನಿಗೆ ದುಡ್ಡು ಕಟ್ಟುವ ಮುಂಚೆ ಇಷ್ಟು ನೋಡಿಕೊಳ್ಳಿ

ಮಗಳನ್ನು ಟೆನಿಸ್ ಆಡಿಸುತ್ತಿರುವ ಪುಣೆ, ಮುಂಬೈ, ಗೋವಾದ ಕನ್ನಡಿಗ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಮಕ್ಕಳನ್ನು ಇಲ್ಲಿಗೆ ಕರೆತರುವವರಂತೂ ಪೂರ್ತಿ ಓದಿ. ಶಾಲೆಗೆ ರಜೆ ಹತ್ತಿರ ಬಂದರೆ ಸಾಕು, ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಜೂನಿಯರ್ ಟೂರ್ನಿಗಳ ಪೋಸ್ಟರ್ ಓಡಾಡುತ್ತವೆ. ಎಲ್ಲವೂ ಕೆಟ್ಟವಲ್ಲ. ಆದರೆ ನಾವು ಹೋದದ್ದು ಮಾತ್ರ ಮಕ್ಕಳನ್ನು ಕಳಿಸುವಂಥದ್ದಾಗಿರಲಿಲ್ಲ. ದುಡ್ಡು ಹೋದದ್ದಕ್ಕಿಂತ, ಒಂದು ಹುಡುಗಿಯ ಕೈಗೆ ಪೆಟ್ಟಾದದ್ದು ನನಗೆ ಇನ್ನೂ ಸಂಕಟ ಕೊಡುತ್ತಿದೆ.

ಪೋಸ್ಟರ್‌ನಲ್ಲಿ ಇದ್ದದ್ದು ಇಷ್ಟು: ಅಂಡರ್ 14 ಮತ್ತು ಅಂಡರ್ 16 ಹುಡುಗಿಯರ ಸಿಂಗಲ್ಸ್, ಡಬಲ್ಸ್. ಆಲ್ ಇಂಡಿಯಾ. ರ‍್ಯಾಂಕಿಂಗ್ ಪಾಯಿಂಟ್ಸ್. ಸ್ಥಳ ಬಾಲೇವಾಡಿ. ಪುಣೆಯ ಟೆನಿಸ್ ಮನೆಗಳಲ್ಲಿ ಬಾಲೇವಾಡಿ ಅಂದರೆ ಶಿವಛತ್ರಪತಿ ಕ್ರೀಡಾ ಸಂಕೀರ್ಣ ಅಂತಲೇ ಅರ್ಥ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಜಾಗ ಅದು. 2018ರಿಂದ 2023ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಪುರುಷರ ಅಂತರರಾಷ್ಟ್ರೀಯ ಎಟಿಪಿ ಟೂರ್ನಿ ನಡೆದದ್ದೂ ಅಲ್ಲೇ. ಅಲ್ಲಿ ಆಡುವುದು ಅಂದರೆ ಮಕ್ಕಳಿಗೆ ಎಂಥ ಆಸೆ ಇರುತ್ತದೆ, ನೀವೇ ಯೋಚಿಸಿ.

ನಾನು ಫೋನ್ ಮಾಡಿ ಕೇಳಿದೆ, ಇದು ಯಾವ ದರ್ಜೆಯ ಟೂರ್ನಿ ಅಂತ. "ಸಿಎಸ್ ಲೆವೆಲ್ ಮೇಡಂ" ಎಂದರು. ಸಿಎಸ್ ಅಂದರೆ ಚಾಂಪಿಯನ್‌ಶಿಪ್ ಸೀರೀಸ್, ಅಖಿಲ ಭಾರತ ಟೆನಿಸ್ ಸಂಸ್ಥೆ ಎಐಟಿಎ ನಡೆಸುವ ಜೂನಿಯರ್ ದರ್ಜೆಗಳಲ್ಲಿ ಒಂದು. ಫಾರಂನಲ್ಲಿ ಮಗುವಿನ ಎಐಟಿಎ ನೋಂದಣಿ ಸಂಖ್ಯೆಯನ್ನೂ ಕೇಳಿದ್ದರು. ಜನರನ್ನು ನಂಬಿಸುವುದು ಇದೇ. ಆ ಸಂಖ್ಯೆ ಕೇಳಿದ ಮಾತ್ರಕ್ಕೆ ಟೂರ್ನಿ ಎಐಟಿಎದು ಆಗುವುದಿಲ್ಲ. ಯಾರು ಬೇಕಾದರೂ ತಮ್ಮ ಫಾರಂನಲ್ಲಿ ಒಂದು ಖಾಲಿ ಜಾಗ ಬಿಟ್ಟು ಅದನ್ನು ಕೇಳಬಹುದು. ಫ್ಯಾಕ್ಟ್‌ಶೀಟ್, ಅಂದರೆ ಟೂರ್ನಿಯ ವಿವರಗಳ ಅಧಿಕೃತ ಹಾಳೆ, ಕಳಿಸಿ ಅಂದೆ. ಕಳಿಸುತ್ತೇವೆ, ಕಳಿಸುತ್ತೇವೆ ಅಂದರು. ಕಡೆಗೂ ಬರಲಿಲ್ಲ.

ಡಬಲ್ಸ್ ಶುಲ್ಕದ ಬಗ್ಗೆ ಎಲ್ಲರೂ ತಿಳಿದಿರಬೇಕು. ಮಾನ್ಯತೆ ಇರುವ ಜೂನಿಯರ್ ಟೂರ್ನಿಗಳಲ್ಲಿ ಮುಂಚೆ ಕಳಿಸುವುದು ಸಿಂಗಲ್ಸ್ ಎಂಟ್ರಿ. ಡಬಲ್ಸ್‌ಗೆ ಸಾಮಾನ್ಯವಾಗಿ ಟೂರ್ನಿ ನಡೆಯುವ ಜಾಗದಲ್ಲೇ ಸೈನ್-ಇನ್ ಮಾಡುತ್ತಾರೆ. ಜೋಡಿ ಯಾರು ಅಂತ ಆಗ ಬರೆಸಿ, ಆಗಲೇ ಶುಲ್ಕ ಕೊಡುವುದು. ಇಲ್ಲಿ ಹಾಗಲ್ಲ. ವಾರಗಳ ಮೊದಲೇ, ಜೋಡಿಗೆ ಇಷ್ಟು ಅಂತ ಅಲ್ಲದೆ ಪ್ರತಿ ಹುಡುಗಿಗೆ ಬೇರೆ ಬೇರೆಯಾಗಿ, ಒಬ್ಬ ವ್ಯಕ್ತಿಯ ಮೊಬೈಲ್ ನಂಬರಿಗೆ ಯುಪಿಐ ಮಾಡಿಸಿಕೊಂಡರು. ರಸೀದಿ ಇಲ್ಲ. ಜೋಡಿ ಇಲ್ಲದ ಹುಡುಗಿಯರಿಗೆ "ನಾವೇ ಜೋಡಿ ಹಾಕಿಕೊಡುತ್ತೇವೆ, ದುಡ್ಡು ಹಾಕಿ" ಅಂದಿದ್ದರಂತೆ. ಎಷ್ಟು ಜೋಡಿ ಬಂದಿವೆ ಅನ್ನುವ ಪಟ್ಟಿ ಕಡೆಯವರೆಗೂ ಹೊರಗೆ ಬರಲಿಲ್ಲ.

ನನ್ನ ಮಗಳ ಜೋಡಿ ಬೆಳಗಾವಿಯ ಹುಡುಗಿ. ಬೆಳಗಾವಿ ನನ್ನ ತವರು, ರಜೆಗೆ ಹೋದಾಗಲೆಲ್ಲ ಇಬ್ಬರೂ ಒಟ್ಟಿಗೇ ಆಡುತ್ತಾರೆ. ಅವಳದು ಎಡಗೈ ಆಟ. ಇಬ್ಬರ ಫೋರ್‌ಹ್ಯಾಂಡೂ ಒಂದೇ ಕಡೆ ಬೀಳುವುದಿಲ್ಲ, ನೆಟ್ ಹತ್ತಿರ ಇಬ್ಬರಿಗೂ ಹೆದರಿಕೆ ಇಲ್ಲ. ಡಬಲ್ಸ್ ಅಂದರೆ ಸಿಂಗಲ್ಸ್ ಸೋತವರ ಸಮಾಧಾನಕ್ಕೆ ಇರುವ ಆಟ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಾನಿಯಾ ಮಿರ್ಜಾ 2003ರಲ್ಲಿ ವಿಂಬಲ್ಡನ್ ಗೆದ್ದದ್ದು ಹುಡುಗಿಯರ ಡಬಲ್ಸ್‌ನಲ್ಲೇ, ರಷ್ಯಾದ ಅಲಿಸಾ ಕ್ಲೇಬನೋವಾ ಜೊತೆ. ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಐಟಿಎಫ್‌ನ ಜೂನಿಯರ್ ರ‍್ಯಾಂಕಿಂಗ್‌ಗೆ ಡಬಲ್ಸ್ ಪಾಯಿಂಟ್‌ನ ಕಾಲು ಭಾಗ ಸೇರುತ್ತದೆ. ನಮ್ಮ ಮಕ್ಕಳು ಈ ಟೂರ್ನಿಗೆ ಮುಖ್ಯವಾಗಿ ಬಂದದ್ದೂ ಡಬಲ್ಸ್‌ಗೇ. ಆ ಹುಡುಗಿಯ ಅಮ್ಮ ಕೆಲಸಕ್ಕೆ ರಜೆ ಹಾಕಿ, ರೈಲಿನಲ್ಲಿ ಕರೆದುಕೊಂಡು ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು.

ಹಿಂದಿನ ಸಂಜೆ ಲೊಕೇಶನ್ ಬಂತು. ಕ್ರೀಡಾ ಸಂಕೀರ್ಣ ಅಲ್ಲ. ಅದೇ ಕಡೆಯ ಒಂದು ಹೌಸಿಂಗ್ ಸೊಸೈಟಿಯ ಒಳಗಿನ ಕೋರ್ಟ್. ಕೇಳಿದರೆ, "ಇದೂ ಬಾಲೇವಾಡಿಯೇ ಅಲ್ವಾ ಮೇಡಂ?"

ಕೋರ್ಟ್ ನೋಡಿದ ಕೂಡಲೇ ಬೆಳಗಾವಿಯ ತಾಯಿ ನನ್ನ ಕೈ ಹಿಡಿದು, "ಬೇಲಿ ಎಷ್ಟು ಹತ್ರ ಇದೆ ನೋಡ್ರಿ" ಅಂದರು. ಗೆರೆಯಿಂದ ಬೇಲಿಗೆ ಎಷ್ಟು ಜಾಗ ಇರಬೇಕು ಅನ್ನುವುದಕ್ಕೆ ಐಟಿಎಫ್ ಅಳತೆ ಇದೆ. ಮನರಂಜನೆಯ ಆಟಕ್ಕೂ ಬೇಸ್‌ಲೈನ್ ಹಿಂದೆ 5.48 ಮೀಟರ್, ಅಂದರೆ 18 ಅಡಿ, ಪಕ್ಕದಲ್ಲಿ 3.05 ಮೀಟರ್, ಅಂದರೆ 10 ಅಡಿ ಬೇಕು. ದೊಡ್ಡ ಸ್ಪರ್ಧೆಗಳಿಗೆ ಹಿಂದೆ 21 ಅಡಿ, ಪಕ್ಕ 12 ಅಡಿ. ಇಲ್ಲಿ ಪಕ್ಕದಲ್ಲಿ ದೊಡ್ಡವರ ಎರಡು ಹೆಜ್ಜೆಯಷ್ಟೂ ಜಾಗ ಇರಲಿಲ್ಲ. ಸಿಂಗಲ್ಸ್‌ನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಿಂಗಲ್ಸ್ ಕೋರ್ಟ್ 27 ಅಡಿ ಅಗಲ. ಡಬಲ್ಸ್‌ನದು 36 ಅಡಿ. ಎರಡೂ ಬದಿಗೆ ನಾಲ್ಕೂವರೆ ಅಡಿಯ ಪಟ್ಟಿ ಸೇರುತ್ತದೆ, ಆ ಪಟ್ಟಿಯ ಹೊರಗೆ ಓಡುವ ಚೆಂಡನ್ನೂ ಹುಡುಗಿಯರು ಬೆನ್ನು ಹತ್ತಿ ಹೋಗುತ್ತಾರೆ. ಹೀಗೆ ಓಡುವಾಗ ಅವರ ಕಣ್ಣು ಚೆಂಡಿನ ಮೇಲಿರುತ್ತದೆ, ಬೇಲಿಯ ಮೇಲಲ್ಲ.

ಆದದ್ದೂ ಅದೇ. ಡಬಲ್ಸ್ ಮೊದಲ ಪಂದ್ಯದಲ್ಲಿ ತಲೆಯ ಮೇಲಿಂದ ಎತ್ತರಕ್ಕೆ ಹೋಗಿ ಮೂಲೆಗೆ ಬಿದ್ದ ಲಾಬ್ ಹಿಂದೆ ಓಡಿದ ಬೆಳಗಾವಿಯ ಹುಡುಗಿ ಕಬ್ಬಿಣದ ಕಂಬಕ್ಕೆ ಎಡಗೈ ಹೊಡೆದುಕೊಂಡು ಕೂತುಬಿಟ್ಟಳು. ಮುಂಗೈ ಕ್ಷಣದಲ್ಲಿ ಊದಿಕೊಂಡಿತು. ಫಿಸಿಯೋ ಇರಲಿಲ್ಲ. ಐಸ್ ಇರಲಿಲ್ಲ. ಪ್ರಥಮ ಚಿಕಿತ್ಸೆಯ ಡಬ್ಬಿ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಅದೇ ಸೊಸೈಟಿಯ ಒಬ್ಬ ಅಜ್ಜಿ ಮೇಲಿನ ಮನೆಯಿಂದ ಫ್ರಿಜ್‌ನ ಐಸ್ ತಟ್ಟೆಯನ್ನೇ ತಂದುಕೊಟ್ಟರು. ಆ ಅಜ್ಜಿಗೆ ನಾವು ಋಣಿ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಆದರೂ ಆಟ ಆಡುವ ಕೈ ಅದು. ಅವಳು ಆಮೇಲೆ ಆಡಬೇಕಿದ್ದ, ನಿಜವಾಗಿ ಪಾಯಿಂಟ್ ಇರುವ ಟೂರ್ನಿ ತಪ್ಪಿಹೋಯಿತು.

ಆ ಪಂದ್ಯಕ್ಕೆ ಮಕ್ಕಳು ದಣಿದೇ ಇಳಿದಿದ್ದರು, ಅದನ್ನೂ ಹೇಳಬೇಕು. ಇಬ್ಬರೂ ಅಷ್ಟರಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಮೂರು ಸೆಟ್ ಸಿಂಗಲ್ಸ್ ಆಡಿ ಬಂದಿದ್ದರು. ಐಟಿಎಫ್ ಜೂನಿಯರ್ ನಿಯಮದಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ಆಡಿದ ಮಗುವಿಗೆ ಮುಂದಿನ ಪಂದ್ಯದ ಮುಂಚೆ ಒಂದೂವರೆ ಗಂಟೆ ಬಿಡುವು ಸಿಗಬೇಕು. ನಮ್ಮ ಮಕ್ಕಳಿಗೆ ಬಾಳೆಹಣ್ಣು ತಿನ್ನುವಷ್ಟೇ ಸಮಯ. "ಬೇಗ ಬನ್ನಿ, ಇಲ್ಲದಿದ್ದರೆ ವಾಕ್‌ಓವರ್" ಅಂತ ಕೂಗುತ್ತಿದ್ದರು.

ರೆಫರಿ ಯಾರು? ಟೂರ್ನಿ ನಡೆಸುತ್ತಿದ್ದ ಅಕಾಡೆಮಿಯ ಕೋಚ್. ಡ್ರಾದಲ್ಲಿ, ಅಂದರೆ ಯಾರ ಎದುರು ಯಾರು ಆಡಬೇಕು ಅನ್ನುವ ಪಟ್ಟಿಯಲ್ಲಿ, ಅವರ ಶಿಷ್ಯೆಯರೇ ಇದ್ದರು. ಡ್ರಾ ಎತ್ತಿದ್ದನ್ನು ನಾವು ಯಾರೂ ನೋಡಿಲ್ಲ, ಬೆಳಿಗ್ಗೆ ಒಂದು ಫೋಟೋ ಗ್ರೂಪಿಗೆ ಬಂತು ಅಷ್ಟೇ. ಬೈ, ಅಂದರೆ ಮೊದಲ ಸುತ್ತು ಆಡದೆ ಮುಂದೆ ಹೋಗುವ ಅವಕಾಶ, ಮೊದಲು ಸೀಡ್ ಇದ್ದವರಿಗೆ, ಅಂದರೆ ರ‍್ಯಾಂಕಿಂಗ್ ಮೇಲೆ ಮುಂದಿಟ್ಟವರಿಗೆ, ಕ್ರಮವಾಗಿ ಹೋಗಬೇಕು. ಇಲ್ಲಿ ಸೀಡೇ ಇಲ್ಲದ ಅದೇ ಅಕಾಡೆಮಿಯ ಜೋಡಿಗಳಿಗೆ ಬೈ ಸಿಕ್ಕಿತ್ತು. ಗೆರೆಯ ತೀರ್ಪನ್ನು ಮಕ್ಕಳೇ ಹೇಳಿಕೊಳ್ಳುವುದು ಜೂನಿಯರ್‌ನಲ್ಲಿ ಮಾಮೂಲು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜಗಳ ಬಂದಾಗ ಹೋಗಿ ಕೇಳಲು ಎರಡೂ ಕಡೆಗೆ ಸೇರದ ಒಬ್ಬರು ಇರಬೇಕಲ್ಲ. ಹನ್ನೆರಡು, ಹದಿಮೂರು ವರ್ಷದ ಮಕ್ಕಳು ಅಳುತ್ತಾ ನಿಂತದ್ದನ್ನು ನೋಡಿದೆ.

ಇನ್ನು ಡಬಲ್ಸ್ ಕಥೆ. ಸಾಮಾನ್ಯವಾಗಿ ಜೂನಿಯರ್ ಡಬಲ್ಸ್ ಎರಡು ಸೆಟ್, ನೋ-ಆ್ಯಡ್ (40-40 ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ), ಇಬ್ಬರಿಗೂ ಒಂದೊಂದು ಸೆಟ್ ಆದರೆ ಹತ್ತು ಪಾಯಿಂಟ್‌ನ ಮ್ಯಾಚ್ ಟೈಬ್ರೇಕ್. ಇಲ್ಲಿ ಅದನ್ನು ನಾಲ್ಕು ಗೇಮ್‌ನ ಒಂದೇ ಸೆಟ್‌ಗೆ ಇಳಿಸಿದರು. ಸಂಜೆಯಾದ ಮೇಲೆ ಸೊಸೈಟಿಯವರು ಬಂದು ಲೈಟ್ ಹಾಕಲು ಅನುಮತಿ ಇಲ್ಲ ಅಂದರು. ಅಲ್ಲಿಗೆ ಡಬಲ್ಸ್ ಮುಗಿಯಿತು. ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ. ಕೆಲವು ಜೋಡಿಗಳು ಒಂದು ಚೆಂಡನ್ನೂ ಹೊಡೆಯದೆ ವಾಪಸ್ ಹೋದವು. ಶುಲ್ಕ ವಾಪಸ್ ಕೊಡಿ ಅಂದವರಿಗೆ "ಬಘೂಯಾ, ಬಘೂಯಾ" (ಮರಾಠಿಯಲ್ಲಿ 'ನೋಡೋಣ, ನೋಡೋಣ'), ಜೊತೆಗೆ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್.

ಹುಡುಗಿಯರ ಟೂರ್ನಿ ಅಂತ ಕರೆದ ಮೇಲೆ ಇರಲೇಬೇಕಾದದ್ದೂ ಅಲ್ಲಿರಲಿಲ್ಲ. ಬಟ್ಟೆ ಬದಲಿಸಲು ಕೋಣೆ ಇಲ್ಲ. ಕಾವಲುಗಾರರು ಬಳಸುವ ಒಂದೇ ಶೌಚಾಲಯ, ಅದಕ್ಕೆ ಚಿಲಕ ಸರಿ ಇಲ್ಲ. ಒಬ್ಬ ಫೋಟೋಗ್ರಾಫರ್ ಯಾರನ್ನೂ ಕೇಳದೆ ಮಕ್ಕಳ ಫೋಟೋ ತೆಗೆದ. ಆ ರಾತ್ರಿಯೇ ಮಕ್ಕಳ ಹೆಸರು, ಊರು ಸಮೇತ ಅವು ಇನ್‌ಸ್ಟಾಗ್ರಾಂನಲ್ಲಿ ಇದ್ದವು. ನಾವು ಏಳೆಂಟು ತಾಯಂದಿರು ಒಟ್ಟಾಗಿ ಗದರಿಸಿದ ಮೇಲೆ ತೆಗೆದುಹಾಕಿದರು. ಮಕ್ಕಳ ಜನನ ಪ್ರಮಾಣಪತ್ರ, ಆಧಾರ್ ಪ್ರತಿಗಳು ಮಾತ್ರ ಇಂದಿಗೂ ದುಡ್ಡು ಹಾಕಿಸಿಕೊಂಡ ಮನುಷ್ಯನ ವಾಟ್ಸ್ಆ್ಯಪ್‌ನಲ್ಲಿವೆ. ವಯಸ್ಸಿನ ದಾಖಲೆ ಕೇಳುವುದು ತಪ್ಪಲ್ಲ, ವಯೋಮಿತಿಯ ಟೂರ್ನಿಗೆ ಅದು ಬೇಕು. ಆದರೆ ಖಾಸಗಿ ನಂಬರಿಗೆ ಕಳಿಸಬೇಡಿ, ಸ್ಥಳದಲ್ಲಿ ಮೂಲ ಪ್ರತಿ ತೋರಿಸುತ್ತೇವೆ ಅನ್ನಿ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಪಾಯಿಂಟ್ ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಎಐಟಿಎ ಕ್ಯಾಲೆಂಡರ್‌ನಲ್ಲಿ ಆ ವಾರ ಆ ಹೆಸರಿನ ಟೂರ್ನಿಯೇ ಇಲ್ಲ.

ಹಾಗಾಗಿ ದುಡ್ಡು ಹಾಕುವ ಮುಂಚೆ ಮೊದಲು ಆ ಕ್ಯಾಲೆಂಡರ್ ತೆರೆಯಿರಿ. ಟೂರ್ನಿಯ ಹೆಸರು, ವಾರ, ಊರು ಮೂರೂ ಹೊಂದಬೇಕು. ಫೋನಿನಲ್ಲಿ ಯಾರು ಏನೇ ದರ್ಜೆ ಹೇಳಲಿ, ಅದು ಲೆಕ್ಕಕ್ಕಿಲ್ಲ. ಐಟಿಎಫ್ ಜೂನಿಯರ್ ಅಂತ ಹೇಳಿದರೆ ಜೆ30, ಜೆ60 ಹೀಗೆ ದರ್ಜೆ ಇರುತ್ತದೆ, ಎಂಟ್ರಿ ಐಪಿನ್, ಅಂದರೆ ಆಟಗಾರರಿಗೆ ಐಟಿಎಫ್ ಕೊಡುವ ನೋಂದಣಿ ಸಂಖ್ಯೆಯ, ಮೂಲಕ ಐಟಿಎಫ್‌ನ ಜಾಲತಾಣದಲ್ಲೇ ಹೋಗುತ್ತದೆ. ಅದಕ್ಕೆ ಮಗುವಿಗೆ 13 ತುಂಬಿರಬೇಕು. ಅನುಮಾನ ಇದ್ದರೆ ರಾಜ್ಯ ಸಂಸ್ಥೆಗೆ ಒಂದು ಫೋನ್ ಮಾಡಿ. ಇಲ್ಲಿ ಎಂಎಸ್‌ಎಲ್‌ಟಿಎ, ನಮ್ಮ ಕಡೆ ಬೆಂಗಳೂರಿನ ಕೆಎಸ್‌ಎಲ್‌ಟಿಎ. ಫ್ಯಾಕ್ಟ್‌ಶೀಟ್‌ನಲ್ಲಿ ರೆಫರಿಯ ಹೆಸರು, ಕೋರ್ಟಿನ ವಿಳಾಸ, ಯಾವ ಚೆಂಡು, ಎಂಟ್ರಿ ಮತ್ತು ಹಿಂದೆ ಸರಿಯುವ ಕಡೆಯ ದಿನ, ಸೈನ್-ಇನ್ ಸಮಯ ಇರುತ್ತವೆ. ಅದು ಕೈಗೆ ಬರದೆ ರೈಲಿನ ಟಿಕೆಟ್ ಮಾಡಿಸಬೇಡಿ.

ಡಬಲ್ಸ್ ಬಗ್ಗೆ ಬೇರೆಯಾಗಿ, ಬರವಣಿಗೆಯಲ್ಲಿ ಕೇಳಿ: ಕನಿಷ್ಠ ಎಷ್ಟು ಜೋಡಿ ಬಂದರೆ ನಡೆಸುತ್ತೀರಿ, ನಡೆಸದಿದ್ದರೆ ಶುಲ್ಕ ಯಾವಾಗ ವಾಪಸ್? ಹುಡುಗಿಯರ ಡ್ರಾಗಳು ಎಷ್ಟೋ ಸಲ ಚಿಕ್ಕವಾಗಿರುತ್ತವೆ. ಸಮಯ ಸಾಲದಾಗ ಮೊದಲು ಕತ್ತರಿ ಬೀಳುವುದು ಅವರ ಡಬಲ್ಸ್‌ಗೇ. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ.

ಖಾಸಗಿ ಟೂರ್ನಿಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಪುಣೆಯಲ್ಲೇ ಕೆಲವು ಅಕಾಡೆಮಿಗಳು "ಪಾಯಿಂಟ್ ಇಲ್ಲ, ಮಕ್ಕಳಿಗೆ ಪಂದ್ಯದ ಅಭ್ಯಾಸ ಆಗಲಿ ಅಂತ ಮಾಡುತ್ತೇವೆ" ಎಂದು ನೇರವಾಗಿ ಹೇಳಿ, ಕಡಿಮೆ ಶುಲ್ಕಕ್ಕೆ ಚೆನ್ನಾಗಿ ನಡೆಸುತ್ತವೆ. ಮಗಳನ್ನು ಅಂಥವಕ್ಕೆ ಕಳಿಸಿದ್ದೇನೆ, ಮುಂದೆಯೂ ಕಳಿಸುತ್ತೇನೆ. ಅಲ್ಲೂ ಕೋರ್ಟ್ ನೋಡಿಕೊಂಡೇ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಬಿದ್ದವರು ಪೋಸ್ಟರ್, ಚಾಟ್, ಯುಪಿಐ ವಿವರ ಎಲ್ಲದರ ಸ್ಕ್ರೀನ್‌ಶಾಟ್ ಇಂದೇ ಉಳಿಸಿಕೊಳ್ಳಿ. ನಾವು ಪ್ರಶ್ನೆ ಕೇಳಿದ ಮೇಲೆ ನಮ್ಮನ್ನು ಗ್ರೂಪಿನಿಂದ ತೆಗೆದರು, ಅಷ್ಟರೊಳಗೆ ಉಳಿಸಿಕೊಂಡದ್ದೇ ಕೆಲಸಕ್ಕೆ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟೂರ್ನಿಯೇ ನಡೆಯದೆ ದುಡ್ಡು ತೆಗೆದುಕೊಂಡು ಮಾಯವಾದರೆ ಸೈಬರ್ ವಂಚನೆಯ 1930ಕ್ಕೆ ತಡಮಾಡದೆ ಕರೆ ಮಾಡಿ. ಒಬ್ಬೊಬ್ಬರೇ ಕೇಳಿದಾಗ ಆ ಮನುಷ್ಯ ಉತ್ತರವನ್ನೇ ಕೊಡಲಿಲ್ಲ. ಪೋಷಕರೆಲ್ಲ ಸೇರಿ ಒಂದೇ ಪತ್ರ ಬರೆದು 1915ರ ದೂರಿನ ಸಂಖ್ಯೆ ಹಾಕಿದ ಮೇಲೆ ಡಬಲ್ಸ್ ಶುಲ್ಕದ ಅರ್ಧ ವಾಪಸ್ ಬಂತು. ಉಳಿದರ್ಧಕ್ಕೆ ಇನ್ನೂ ಬೆನ್ನು ಬಿದ್ದಿದ್ದೇವೆ.

ಈ ರಜೆಯಲ್ಲಿ ಪುಣೆಗೆ ಮಕ್ಕಳನ್ನು ಕರೆತರುವವರು ಟೂರ್ನಿಯ ಹೆಸರು, ಕೋರ್ಟಿನ ವಿಳಾಸ ಕಳಿಸಿ. ನಾವಿಲ್ಲಿರುವ ಕೆಲವರು ಹೋಗಿ ಬೇಲಿಯ ಅಂತರ, ಶೌಚಾಲಯ ಎಲ್ಲ ನೋಡಿ, ಫೋಟೋ ತೆಗೆದು ಕಳಿಸುತ್ತೇವೆ.