ಬಿಚ್ಚಿಡುವ ಭುಜಕೀರ್ತಿ ಮಾಡಲು ಹೊರಟಾಗ ಸಿಕ್ಕ ತುಮಕೂರಿನ ಲೇಸ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ಚೆನ್ನಾಗಿದೆ, ಖಂಡಿತ ಹೋಗಿ. ಆದರೆ ಬರೀ ಕೈಯಲ್ಲಿ ಹೋಗಬೇಡಿ. ಯಾವ ಬಟ್ಟೆಗೆ ಕೆಲಸ ಮಾಡಬೇಕೋ ಆ ಬಟ್ಟೆಯನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ನನ್ನ ಮಗಳ ಹತ್ತಿರ ಕಪ್ಪು ಬಣ್ಣದ ಒಂದು ಪ್ಲೇನ್ ಕಾಟನ್ ಕುರ್ತಾ ಇದೆ. ಕಾಲೇಜಿನ ಫೆಸ್ಟ್ ದಿನ ಅದರ ಭುಜದ ಮೇಲೆ ಏನಾದರೂ ಗ್ರ್ಯಾಂಡ್ ಆಗಿ ಬರಬೇಕು, ಮಾರನೇ ದಿನ ಅದನ್ನು ತೆಗೆದಿಟ್ಟು ಅದೇ ಕುರ್ತಾವನ್ನು ಮಾಮೂಲಿಯಾಗಿ ಹಾಕಿಕೊಂಡು ಹೋಗುವ ಹಾಗಿರಬೇಕು ಅಂತ ಅವಳ ಆಸೆ. ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಭುಜದ ತುದಿಯಿಂದ ಚಿನ್ನದ ಬಣ್ಣದ ಝಾಲರು ಇಳಿಬಿದ್ದಿತ್ತು. ಇಂಗ್ಲಿಷಿನವರು ಇದಕ್ಕೆ ಎಪೊಲೆಟ್ ಅನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಎಪೋಲ್ ಅಂದರೆ ಭುಜ, ಅದರಿಂದ ಬಂದ ಹೆಸರು. ಹಿಂದೆ ಯುರೋಪಿನ ಸೈನಿಕರ ಕೋಟಿನ ಮೇಲೆ ಇರುತ್ತಿತ್ತು. ನಮ್ಮ ಪೊಲೀಸರ ಭುಜದ ಪಟ್ಟಿಯೂ ಅದೇ ಜಾತಿಯದು, ಸಬ್ ಇನ್‌ಸ್ಪೆಕ್ಟರ್‌ಗೆ 2 ನಕ್ಷತ್ರ, ಇನ್‌ಸ್ಪೆಕ್ಟರ್‌ಗೆ 3. ಆದರೆ ಆ ಫೋಟೋ ನೋಡಿದ ಕೂಡಲೇ ನನ್ನ ಕಣ್ಣ ಮುಂದೆ ಬಂದವನು ದುರ್ಯೋಧನ.

ನನ್ನ ತವರು ಗುಬ್ಬಿ ಕಡೆ. ಗುಬ್ಬಿ ವೀರಣ್ಣನವರ ಸೀಮೆ. ನಮ್ಮಪ್ಪ ಊರಿನ ಕುರುಕ್ಷೇತ್ರ ನಾಟಕದಲ್ಲಿ ಎಷ್ಟೋ ವರ್ಷ ದುರ್ಯೋಧನನ ಪಾತ್ರ ಮಾಡಿದವರು. ಪರದೆ ಸರಿದು ಅವರು ಬಂದು ನಿಂತರೆ ಮೊದಲು ಕಾಣುತ್ತಿದ್ದದ್ದು ಕಿರೀಟ, ಆಮೇಲೆ ಎರಡು ಭುಜದ ಮೇಲೂ ರೆಕ್ಕೆಯ ಹಾಗೆ ಎದ್ದು ನಿಂತ ಭುಜಕೀರ್ತಿ. ಹಳಬರು ಇದನ್ನು ಹಗುರ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ, ಅಂದರೆ ಹೊಳೆಯುವ ತೆಳು ತಗಡಿನ ಹಾಳೆ, ಅಂಟಿಸಿ, ಕನ್ನಡಿ ಚೂರು ಕೂರಿಸುತ್ತಿದ್ದರು. ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದ ವೇಷದಲ್ಲೂ ಭುಜಕೀರ್ತಿ ಇದೆ. ಕಂಕುಳ ಕೆಳಗೆ ದಾರ ಸುತ್ತಿ ಕಟ್ಟುವುದು, ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ಇಡುವುದು. ಬಟ್ಟೆ ಬೇರೆ, ಭುಜದ ಒಡವೆ ಬೇರೆ ಅನ್ನುವುದು ನಮಗೇನೂ ಹೊಸದಲ್ಲ ಅಲ್ವಾ. ಅವತ್ತಿನಿಂದ ನಮ್ಮ ಮನೆಯಲ್ಲಿ ಇದರ ಹೆಸರು ಭುಜಕೀರ್ತಿ.

ಮೊದಲು ಆನ್‌ಲೈನ್‌ನಲ್ಲಿ ಒಂದು ರೆಡಿ ಜೊತೆ ತರಿಸಿದ್ದೆ. 650 ರೂಪಾಯಿ. ನೋಡಲು ಚೆಂದವೇ ಇತ್ತು. ಆದರೆ ಹಿಂದೆ ಇದ್ದದ್ದು ಗುಂಡಿಯಷ್ಟು ಸಣ್ಣ ಮ್ಯಾಗ್ನೆಟ್, ಬಟ್ಟೆಯ ಒಳಗೊಂದು ಹೊರಗೊಂದು ಇಟ್ಟು ಕಚ್ಚಿಸಬೇಕು. ಮಗಳು ದುಪಟ್ಟಾ ಸರಿ ಮಾಡಿಕೊಂಡಳು, ಎಡಗಡೆಯದು ನೆಲದ ಮೇಲೆ. ಬ್ಯಾಗ್ ಹಾಕಿಕೊಂಡಳು, ಬಲಗಡೆಯದೂ ನೆಲದ ಮೇಲೆ. ಒಳಗಿನ ತಳ ಬರೀ ರಟ್ಟು, ಎರಡು ಗಂಟೆ ಬೆವರು ತಾಗಿದ್ದಕ್ಕೇ ಮೆತ್ತಗಾಗಿ ಬಾಗಿತು. ಅವಳ ಮುಖ ಸಪ್ಪಗಾಗಿದ್ದು ನೋಡಿ ನನಗೆ ತುಂಬಾ ಬೇಜಾರಾಯಿತು. ಆಗಲೇ ಮನೆಯಲ್ಲೇ ಮಾಡೋಣ ಅಂತ ಕೂತಿದ್ದು.

ಈಗ ಅಂಗಡಿಯ ವಿಷಯ. ಎಂ.ಜಿ. ರಸ್ತೆಯಲ್ಲಿ ಬಟ್ಟೆ ಅಂಗಡಿಗಳ ಸಾಲು ಇದೆಯಲ್ಲ, ಅಲ್ಲಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿದೆ. ಟೈಲರ್‌ಗಳೆಲ್ಲ ಲೇಸ್ ಅಂಗಡಿ ಅಂತಲೇ ಕರೆಯುತ್ತಾರೆ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಗಲ ಇಬ್ಬರು ನಿಲ್ಲುವಷ್ಟು, ಉದ್ದ ಮಾತ್ರ ರೈಲು ಬೋಗಿಯ ಹಾಗೆ. ಒಂದು ಗೋಡೆಗೆ ನೂಲು, ಜಿಪ್ಪು, ಹುಕ್ಕು, ಬಕ್ರಂ (ಕಾಲರಿನಂಥ ಕಡೆ ಒಳಗೆ ಕೊಡುವ ಗಟ್ಟಿ ಬಟ್ಟೆ). ಇನ್ನೊಂದು ಗೋಡೆಗೆ ಲೇಸು, ಕುಚ್ಚು, ಮಣಿ, ಕುಂದನ್.

ನಾನು ಹೋದವಳೇ ಕಣ್ಣಿಗೆ ಬಿದ್ದ ಕಲ್ಲಿನ ಲೇಸ್ ಕೇಳಿದೆ. ಮೀಟರಿಗೆ 180 ಇತ್ತು, ಥಳಥಳ ಅಂತಿತ್ತು. ಅಂಗಡಿಯ ಹಿರಿಯರು ಅದನ್ನು ತೆಗೆಯಲೇ ಇಲ್ಲ.

"ಅಕ್ಕ, ಯಾವ ಬಟ್ಟೆ ಮೇಲೆ ಕೂರಬೇಕು ಇದು?" ಅಂತ ಕೇಳಿದರು.

ಕುರ್ತಾ ತೋರಿಸಿದೆ. ಭುಜದ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಇದಕ್ಕೆ ಆ ಕಲ್ಲು ಬೇಡ. ತೂಕಕ್ಕೆ ಬಟ್ಟೆ ಹಿಂದಕ್ಕೆ ಎಳೀತದೆ, ಕತ್ತು ಕುಯ್ತದೆ. ಜರಿ ಲೇಸು ತಗೊಳ್ಳಿ, ಹಗುರ. ದುಡ್ಡು ಹಾಕೋದಾದ್ರೆ ಒಳಗಿನ ಬಕ್ರಂಗೆ ಹಾಕಿ."

180ರ ಮಾಲು ಮಾರಬಹುದಾದ ಕಡೆ 35ರ ಲೇಸ್ ಕೊಟ್ಟು ಕಳಿಸಿದರು. ಈ ಒಂದು ಮಾತಿಗೇ ನಾನು ಈ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಇಷ್ಟೊಂದು ರಶ್ ಇರುವ ಅಂಗಡಿಯಲ್ಲಿ ಗಿರಾಕಿಯ ಬಟ್ಟೆ ಮುಟ್ಟಿ ನೋಡಿ ಹೇಳುವವರು ಎಲ್ಲಿ ಸಿಗುತ್ತಾರೆ?

ನಾನು ತಂದದ್ದು ಇಷ್ಟು. ಅರ್ಧ ಮೀಟರ್ ಬಕ್ರಂಗೆ 40 ರೂಪಾಯಿ, ಎರಡು ಫೆಲ್ಟ್ (ಕಂಬಳಿಯಂಥ ದಪ್ಪ ಬಟ್ಟೆ) ಹಾಳೆಗೆ 30, ಎರಡು ಮೀಟರ್ ಜರಿ ಲೇಸಿಗೆ 70, ಒಂದು ಮೀಟರ್ ಝಾಲರಿಗೆ 90, ಚಿನ್ನದ ಬಣ್ಣದ ಮಣಿ ಒಂದು ಪೊಟ್ಟಣ 30, ಟಿಚ್ ಬಟನ್ (ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಜೋಡಿ ಗುಂಡಿ) ಒಂದು ಕಾರ್ಡ್ 20. ಒಟ್ಟು 280. ಮೇಲಿನ ಬಟ್ಟೆಗೆ ಮನೆಯಲ್ಲೇ ಕಪ್ಪು ವೆಲ್ವೆಟ್ ಚೂರು ಇತ್ತು.

ಬಕ್ರಂನಲ್ಲಿ ಎರಡು ಥರ ಇದೆ, ಇದನ್ನು ಕೇಳಿಯೇ ತಗೊಳ್ಳಿ. ಒಂದಕ್ಕೆ ಹಿಂದೆ ಅಂಟು ಇರುತ್ತದೆ, ಇಸ್ತ್ರಿ ಇಟ್ಟರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಕಾಲರಿಗೆ, ಬ್ಲೌಸಿನ ಕತ್ತಿಗೆ ಅದು ಸರಿ. ಇನ್ನೊಂದು ಬರೀ ಗಂಜಿ ಹಾಕಿದ ಗಟ್ಟಿ ಬಟ್ಟೆ. ಭುಜಕೀರ್ತಿಗೆ ಈ ಗಂಜಿಯದೇ ಆಗಬೇಕು. ಯಾಕೆಂದರೆ ಭುಜ ಚಪ್ಪಟೆ ಇಲ್ಲ, ಗುಂಡಗಿದೆ. ಚಪ್ಪಟೆ ತುಂಡು ಇಟ್ಟರೆ ತುದಿ ಎದ್ದು ನಿಂತು ಹಲಗೆ ಇಟ್ಟ ಹಾಗೆ ಕಾಣುತ್ತದೆ. ಗಂಜಿ ಬಕ್ರಂ ಒದ್ದೆಯಾದರೆ ಮೆತ್ತಗಾಗುತ್ತದೆ, ಒಣಗಿದರೆ ಇದ್ದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಅಚ್ಚಿಗೆ ಏನು ಇಡುವುದು ಅಂತ ಅಡುಗೆಮನೆಯೆಲ್ಲ ಹುಡುಕಿದೆ. ಬಟ್ಟಲು ಇಟ್ಟು ನೋಡಿದೆ, ಜಾಸ್ತಿ ಅಗಲ ಆಯಿತು. ಕೊನೆಗೆ ಸರಿಹೋಗಿದ್ದು ಕಾಯಿ ತುರಿದು ಬಿಸಾಡುವ ತೆಂಗಿನ ಚಿಪ್ಪು! ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವೇ ಇಲ್ಲ. ನಾರು ಕೆರೆದು, ಮೇಲೊಂದು ಪ್ಲಾಸ್ಟಿಕ್ ಕವರ್ ಸುತ್ತಿ, ಒದ್ದೆ ಬಕ್ರಂ ಎರಡು ಪದರ ಅದರ ಮೇಲೆ ಒತ್ತಿ, ಸುತ್ತ ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ತೆಗೆದರೆ ಎರಡು ಪದರವೂ ಒಂದಾಗಿ ಭುಜದ ಗುಂಡಗಿನ ಆಕಾರಕ್ಕೆ ಸರಿಯಾಗಿ ಕೂರುವ ಹಾಗಾಗಿತ್ತು. ನಿಜವಾಗಿಯೂ ಕುಣಿಯುವಷ್ಟು ಖುಷಿಯಾಯಿತು.

ಅಳತೆ ಹೇಳುತ್ತೇನೆ. ಕುರ್ತಾದ ಭುಜದ ಹೊಲಿಗೆ ಕತ್ತಿನಿಂದ ತೋಳು ಸೇರುವ ಕಡೆವರೆಗೆ 5 ಇಂಚು ಇತ್ತು. ಕತ್ತಿನ ಕಡೆ 1 ಇಂಚು ಬಿಟ್ಟೆ, ಇಲ್ಲದಿದ್ದರೆ ಚುಚ್ಚುತ್ತದೆ. ತೋಳಿನ ಕಡೆ ಅರ್ಧ ಇಂಚು ಆಚೆ ಬಿಟ್ಟೆ, ಝಾಲರು ತೋಳಿನ ಮೇಲೆ ಇಳಿಯಬೇಕಲ್ಲ. ಹಾಗಾಗಿ ಉದ್ದ ನಾಲ್ಕೂವರೆ, ಅಗಲ 4 ಇಂಚು. ಪೇಪರಿನಲ್ಲಿ ವೀಳ್ಯದೆಲೆಯ ಆಕಾರ ಕತ್ತರಿಸಿ, ಚೂಪು ಕತ್ತಿನ ಕಡೆ, ಅಗಲ ತೋಳಿನ ಕಡೆ ಬರುವ ಹಾಗೆ ಮೊದಲು ಭುಜದ ಮೇಲಿಟ್ಟು ನೋಡಿ. ಕನ್ನಡಿ ಮುಂದೆ ಕೈ ಎತ್ತಿ ಇಳಿಸಿ ನೋಡುವುದನ್ನು ಮರೆಯಬೇಡಿ.

ವೆಲ್ವೆಟ್ ಎಳೆದು ಹೊದಿಸಿ, ಅಂಚನ್ನು ಒಳಗೆ ಮಡಚಿ ಹೊಲಿದು, ಸುತ್ತ ಜರಿ ಲೇಸ್, ನಡುವೆ ಮಣಿ. ಝಾಲರು ಎರಡೆರಡು ಸಾಲು ಹೊಲಿದೆ, ಒಂದು ಮೀಟರ್ ಎರಡು ಭುಜಕ್ಕೂ ಸರಿಹೋಯಿತು. ಗ್ಲೂ ಗನ್ ಮುಟ್ಟಲಿಲ್ಲ. ಆ ಅಂಟು ಇಸ್ತ್ರಿ ತಾಗಿದರೆ ಕರಗುತ್ತದೆ, ಜರಿಯ ಮೇಲೆ ಬಿದ್ದರೆ ಕಲೆ ಹೋಗುವುದೇ ಇಲ್ಲ. ಸೂಜಿ ಹಿಡಿದರೆ ಎರಡು ಸಂಜೆಯ ಕೆಲಸ, ಅಷ್ಟೇ.

ಈ ಕೆಲಸದ ಜೀವ ಇರುವುದು ಅದನ್ನು ಬಟ್ಟೆಗೆ ಸಿಕ್ಕಿಸುವುದರಲ್ಲಿ. ಎಷ್ಟೇ ಚೆಂದ ಮಾಡಿ, ನಿಲ್ಲದಿದ್ದರೆ ಏನು ಪ್ರಯೋಜನ? ನಾನು ಒಂದೊಂದನ್ನೂ ಹಳೇ ಬಟ್ಟೆಯ ಮೇಲೆ ಹಾಕಿ ನೋಡಿದ್ದೇನೆ. ಮ್ಯಾಗ್ನೆಟ್ ಕಥೆ ಆಗಲೇ ಹೇಳಿದೆ, ಜೊತೆಗೆ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಹತ್ತಿರಕ್ಕೂ ತರಬಾರದು. ವೆಲ್ಕ್ರೋ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಅದರ ಮುಳ್ಳಿನ ಕಡೆ ರೇಷ್ಮೆಯ, ಜರಿಯ ಎಳೆಗಳನ್ನು ಕಿತ್ತುಹಾಕುತ್ತದೆ. ಭುಜಕೀರ್ತಿ ತೆಗೆದ ಮೇಲೆ ಕುರ್ತಾದ ಮೇಲೆ ಅದರ ಪಟ್ಟಿ ಹಾಗೇ ಕಾಣುವುದು ಬೇರೆ. ಬ್ರೋಚ್ ಪಿನ್ನು ಜೀನ್ಸ್ ಜಾಕೆಟ್ಟಿಗೆ, ದಪ್ಪ ಖಾದಿಗೆ ಅಡ್ಡಿಯಿಲ್ಲ. ತೆಳು ರೇಷ್ಮೆಗೆ ತೂತು ಬೀಳುತ್ತದೆ.

ಗೆದ್ದಿದ್ದು ಟಿಚ್ ಬಟನ್. ಒಂದು ಭುಜಕ್ಕೆ ಮೂರು ಹಾಕಿ. ಕತ್ತಿನ ಕಡೆ ಒಂದು, ತೋಳಿನ ಕಡೆ ಹಿಂದೆ ಮುಂದೆ ಎರಡು. ಎರಡೇ ಹಾಕಿದರೆ ಭುಜಕೀರ್ತಿ ಜಾರಿ ಪಕ್ಕಕ್ಕೆ ವಾಲುತ್ತದೆ, ಮೂರಾದರೆ ಅಲುಗುವುದಿಲ್ಲ. ಉಬ್ಬು ಇರುವ ಭಾಗ ಭುಜಕೀರ್ತಿಗೆ, ತೂತು ಇರುವ ಚಪ್ಪಟೆ ಭಾಗ ಕುರ್ತಾಕ್ಕೆ. ಹೀಗೆ ಮಾಡಿದರೆ ಭುಜಕೀರ್ತಿ ಇಲ್ಲದ ದಿನ ಕುರ್ತಾದ ಮೇಲೆ ಸಣ್ಣ ಕಪ್ಪು ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ, ಕಪ್ಪು ಬಟ್ಟೆಗೆ ಕಪ್ಪು ಬಟನ್ನೇ ತಗೊಂಡಿರಬೇಕು ಅಷ್ಟೇ. ಭುಜಕೀರ್ತಿಯ ತಳದ ಫೆಲ್ಟಿಗೆ ಬಟನ್‌ಗಳನ್ನು ಮೊದಲೇ ಹೊಲಿದು ಆಮೇಲೆ ಫೆಲ್ಟನ್ನು ಮುಚ್ಚಿದರೆ ನೂಲಿನ ಗಂಟು ಒಳಗೆ ಹೋಗುತ್ತದೆ, ಮೈಗೆ ಬಟ್ಟೆಗೆ ಉಜ್ಜುವುದಿಲ್ಲ.

ಕುರ್ತಾದ ಮೇಲೆ ಜಾಗ ಗುರುತು ಮಾಡುವುದು ಹೇಗೆ ಅಂತ ನಾನು ಒದ್ದಾಡುತ್ತಿದ್ದೆ, ಇದನ್ನೂ ಆ ಅಂಗಡಿಯ ಹಿರಿಯರೇ ಹೇಳಿಕೊಟ್ಟರು. ಉಬ್ಬಿನ ತುದಿಗೆ ಚಾಕ್‌ಪೀಸ್ ಉಜ್ಜಿ, ಭುಜಕೀರ್ತಿಯನ್ನು ಸರಿಯಾದ ಕಡೆ ಇಟ್ಟು ಒತ್ತುವುದು. ಬಟ್ಟೆಯ ಮೇಲೆ ಮೂರು ಬಿಳಿ ಚುಕ್ಕೆ. ಅಲ್ಲೇ ಹೊಲಿಯುವುದು. ಬಟ್ಟೆ ತೆಳುವಾಗಿದ್ದರೆ ಒಳಗಡೆಯಿಂದ ಒಂದು ರೂಪಾಯಿ ನಾಣ್ಯದಷ್ಟು ಫೆಲ್ಟ್ ತುಂಡು ಕೊಟ್ಟು ಅದರ ಸಮೇತ ಬಟನ್ ಹೊಲಿಯಿರಿ. ಎಳೆತ ಆ ತುಂಡಿನ ಮೇಲೆ ಬೀಳುತ್ತದೆ, ಬಟ್ಟೆ ಹರಿಯುವುದಿಲ್ಲ.

ಫೆಸ್ಟ್ ದಿನ ಮಗಳು ಬೆಳಿಗ್ಗೆ 9ಕ್ಕೆ ಹಾಕಿಕೊಂಡು ಹೋದವಳು ಸಂಜೆ 6ಕ್ಕೆ ಬಂದಳು. ಕುಣಿದಿದ್ದಾಳೆ, ಬ್ಯಾಗ್ ಹೊತ್ತಿದ್ದಾಳೆ, ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಾಳೆ. ಒಂದು ಬಟನ್ನೂ ಬಿಚ್ಚಿರಲಿಲ್ಲ. ಅವಳ ಮೂವರು ಗೆಳತಿಯರು ನಮಗೂ ಬೇಕು ಅಂತ ಹಿಂದೆ ಬಿದ್ದಿದ್ದಾರೆ. ಅವತ್ತು ರಾತ್ರಿ ಭುಜಕೀರ್ತಿ ಬಿಚ್ಚಿ ಕುರ್ತಾವನ್ನು ಒಗೆಯಲು ಹಾಕಿದೆ, ಭುಜಕೀರ್ತಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಇಟ್ಟೆ. ಹಾಕಿಕೊಂಡ ಮೇಲೆ ಸೆಂಟ್ ಹೊಡೆಯಬೇಡಿ ಅಂತ ಹೇಳುವುದು ಮರೆತಿದ್ದೆ, ಜರಿ ಕಪ್ಪಾಗುತ್ತದೆ.

ಅಂಗಡಿಯಲ್ಲಿ ಸರಿ ಇಲ್ಲದ್ದೂ ಇದೆ. ಬೈಕು ನಿಲ್ಲಿಸಲು ಜಾಗವೇ ಇಲ್ಲ, ಟೌನ್‌ಹಾಲ್ ಹತ್ತಿರ ಎಲ್ಲಾದರೂ ನಿಲ್ಲಿಸಿ ನಡೆದು ಬರಬೇಕು. ಒಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿನ್ನದ ಬಣ್ಣ ಒಂದು ಥರ, ಹೊರಗೆ ಬಿಸಿಲಲ್ಲಿ ಇನ್ನೊಂದು ಥರ. ಮೊದಲ ಸಲ ನಾನು ತಂದ ಲೇಸು ಹಳದಿ ಬಣ್ಣಕ್ಕೆ ಹೊಡೆಯುತ್ತಿತ್ತು, ಝಾಲರು ತಾಮ್ರದ ಬಣ್ಣಕ್ಕೆ, ಎರಡೂ ಸೇರಲಿಲ್ಲ. ಕತ್ತರಿಸಿದ ಲೇಸ್ ವಾಪಸ್ ತಗೊಳ್ಳುವುದಿಲ್ಲ, ಅದು ನ್ಯಾಯವೇ, ಆದರೆ ಅದನ್ನು ಕತ್ತರಿಸುವ ಮುಂಚೆ ಹೇಳಬೇಕಿತ್ತು. ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ, ಕೇಳಬೇಕು. ಮದುವೆ ಸೀಸನ್‌ನಲ್ಲಿ ಸಂಜೆ ಹೋದರೆ ಅರ್ಧ ಗಂಟೆ ಕಾಯಬೇಕಾಗುತ್ತದೆ, ಆಗ ಕೌಂಟರಿನಲ್ಲಿರುವ ಹುಡುಗರಿಗೆ ಬಟ್ಟೆ ಮುಟ್ಟಿ ನೋಡುವಷ್ಟು ವ್ಯವಧಾನವೂ ಇರುವುದಿಲ್ಲ. ಬೆಳಿಗ್ಗೆ 11ರ ಸುಮಾರಿಗೆ ಹೋಗಿ, ಹಿರಿಯರೇ ಕೂತಿರುತ್ತಾರೆ.

ಮೊನ್ನೆ ಅಪ್ಪ ಮನೆಗೆ ಬಂದಿದ್ದರು. ಡಬ್ಬಿ ತೆಗೆದು ತೋರಿಸಿದೆ. ತುಂಬ ಹೊತ್ತು ತಿರುಗಿಸಿ ನೋಡಿದರು, ಟಿಚ್ ಬಟನ್ನನ್ನು ಹಾಕಿ ತೆಗೆದು ಹಾಕಿ ತೆಗೆದು ನೋಡಿದರು. ನಾಟಕದ ಬಾಡಿಗೆ ಭುಜಕೀರ್ತಿಯ ದಾರ ಬೆಳಗಿನ ತನಕ ಕಂಕುಳ ಕೊರೆಯುತ್ತದೆ, ಮನೆಗೆ ಬಂದ ಮೇಲೆ ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. "ನಂಗೂ ಒಂದು ಜೊತೆ ಆಗ್ತದಾ ಮಗ?" ಅಂದರು. ಅವರ ಭುಜದ ಅಳತೆ 6 ಇಂಚು ಬಂತು. ಅದಕ್ಕೆ ಈ ಚಿಪ್ಪು ಸಾಲದು, ದೊಡ್ಡ ಕಾಯಿ ಹುಡುಕಬೇಕು. ನಿನ್ನೆ ಹೋಗಿ ಒಂದು ಮೀಟರ್ ಗಂಜಿ ಬಕ್ರಂ ತಂದೆ, ಈ ಸಲ ಲೇಸು ಮತ್ತು ಝಾಲರು ಎರಡನ್ನೂ ಬಾಗಿಲ ಬೆಳಕಿನಲ್ಲಿ ಜೊತೆಗೆ ಹಿಡಿದು ನೋಡಿಯೇ ಕತ್ತರಿಸಿ ಅಂದೆ.